ಅಪ್ಪ-ಅಮ್ಮನ ಜೊತೆ ಡಿಸ್ನಿ ವರ್ಲ್ಡ್: ನನ್ನ ಎಕ್ಸೆಲ್ ಶೀಟು, ಅಪ್ಪನ ಮಂಡಿ

ಅಮೆರಿಕದ ಫ್ಲೋರಿಡಾದಲ್ಲಿ ನಾಲ್ಕು ಥೀಮ್ ಪಾರ್ಕುಗಳಿರುವ ಡಿಸ್ನಿ ವರ್ಲ್ಡ್‌ಗೆ ಹೋಗೋಣ ಅಂದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ, "ಅದು ಎಷ್ಟು ಎಕರೆ?"

ಸುಮಾರು 25 ಸಾವಿರ ಎಕರೆ ಅಂದೆ. ತಿಪಟೂರು ಹತ್ತಿರ ನಾಲ್ಕೂವರೆ ಎಕರೆ ತೆಂಗಿನ ತೋಟ ಮಾಡಿಕೊಂಡಿರುವ ಮನುಷ್ಯ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ಎಕರೆಗೆ ಎಷ್ಟು ಕೊಟ್ಟು ತಗೊಂಡ್ರಂತೆ?" ಪುಣ್ಯಕ್ಕೆ ಅದೂ ಗೊತ್ತಿತ್ತು. 1960ರ ದಶಕದ ಮಧ್ಯದಲ್ಲಿ ಡಿಸ್ನಿ ಕಂಪನಿ ಬೇರೆ ಬೇರೆ ಹೆಸರಿನ ಪುಟ್ಟ ಕಂಪನಿಗಳನ್ನು ಮುಂದಿಟ್ಟುಕೊಂಡು ಫ್ಲೋರಿಡಾದ ಜೌಗು ಜಮೀನನ್ನು ಗುಟ್ಟಾಗಿ ಕೊಂಡಿತು. ಸರಾಸರಿ ಎಕರೆಗೆ 200 ಡಾಲರಿಗೂ ಕಡಿಮೆ. ಕೊಳ್ಳುತ್ತಿರುವವರು ಯಾರು ಅಂತ 1965ರ ಅಕ್ಟೋಬರಿನಲ್ಲಿ ಒರ್ಲ್ಯಾಂಡೊದ ಪತ್ರಿಕೆಯೊಂದು ಬಯಲು ಮಾಡಿದ್ದೇ ತಡ, ಸುತ್ತಲಿನ ಜಮೀನಿನ ಬೆಲೆ ಜಿಗಿಯಿತು. "ನಮ್ಮ ಕಡೆ ಹೈವೇ ಬಂದಾಗ್ಲೂ ಹಿಂಗೇ ಆಗಿದ್ದು ಕಣಮ್ಮ" ಅಂದರು ಅಪ್ಪ. ಅಲ್ಲಿಗೆ ಅವರ ಒಪ್ಪಿಗೆ ಸಿಕ್ಕಿತು.

ನಾವು ಇರುವುದು ನಾರ್ತ್ ಕ್ಯಾರೊಲೈನಾದಲ್ಲಿ. ನಾನು, ಗಂಡ, ನಾಲ್ಕೂವರೆ ವರ್ಷದ ಮಗಳು, ಆರು ತಿಂಗಳಿಗೆ ಬಂದಿದ್ದ ಅಪ್ಪ-ಅಮ್ಮ. ಐದು ಜನಕ್ಕೆ ವಿಮಾನದ ಟಿಕೆಟ್ ಲೆಕ್ಕ ಹಾಕಿದೆ, ತೆಪ್ಪಗೆ ಕಾರಲ್ಲೇ ಹೋಗುವುದು ಅಂತಾಯಿತು. ಐ-95 ಹೆದ್ದಾರಿ ಹಿಡಿದು ಒಂಬತ್ತು ಗಂಟೆ ದಾರಿ. ನಡುವೆ ಸವಾನಾದಲ್ಲಿ ಒಂದು ರಾತ್ರಿ. ಕಾರು ಅಂದಮೇಲೆ ಅಮ್ಮನಿಗೆ ಲಗೇಜಿನ ಹೆದರಿಕೆ ಇಲ್ಲ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ತೆಳು ಅವಲಕ್ಕಿ, ಕೋಡುಬಳೆ ಎಲ್ಲಾ ಹತ್ತಿದವು. ರೈಸ್ ಕುಕ್ಕರ್ ಮಾತ್ರ ಬೇಡ ಅಂತ ನಾನು ಹಠ ಮಾಡಿ ಇಳಿಸಿದೆ.

2024ರ ಸೆಪ್ಟೆಂಬರ್ ಎರಡನೇ ವಾರ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಫ್ಲೋರಿಡಾದ ಶಾಲೆಗಳು ಆಗಸ್ಟ್‌ನಲ್ಲೇ ಶುರುವಾಗಿಬಿಡುತ್ತವೆ. ಸೆಪ್ಟೆಂಬರಿನ ಮೊದಲ ಸೋಮವಾರದ ಲೇಬರ್ ಡೇ ರಜೆ ಮುಗಿದಮೇಲೆ ಜನ ಕಮ್ಮಿ, ರೂಮಿನ ದರವೂ ಕಮ್ಮಿ. ಟಿಕೆಟ್ಟಿಗೂ ದಿನಕ್ಕೊಂದು ದರ. ಕ್ರಿಸ್‌ಮಸ್ ವಾರಕ್ಕೆ ಹೋಲಿಸಿದರೆ ಸೆಪ್ಟೆಂಬರ್ ತುಂಬಾ ಅಗ್ಗ. ಬದಲಿಗೆ ಸೆಕೆ, ಮಧ್ಯಾಹ್ನದ ಗುಡುಗು-ಮಳೆ, ಚಂಡಮಾರುತದ ಭಯ ಮೂರನ್ನೂ ಒಪ್ಪಿಕೊಳ್ಳಬೇಕು. ಶಾಲೆಗೆ ಹೋಗುವ ಮಕ್ಕಳಿದ್ದರೆ ಈ ಲೆಕ್ಕ ನಡೆಯಲ್ಲ ಬಿಡಿ.

ಹೋಟೆಲ್ ಆರಿಸುವುದಕ್ಕೇ ಎರಡು ವಾರ ಹಿಡಿಯಿತು. ಡಿಸ್ನಿ ವರ್ಲ್ಡ್ ಒಳಗೇ ಇಪ್ಪತ್ತಕ್ಕೂ ಹೆಚ್ಚು ಹೋಟೆಲುಗಳಿವೆ. ಅಗ್ಗದವಕ್ಕೆ 'ವ್ಯಾಲ್ಯೂ' ಅಂತ ಹೆಸರು, ಆಮೇಲೆ 'ಮಾಡರೇಟ್', ಅದರ ಮೇಲೆ 'ಡಿಲಕ್ಸ್'. ವ್ಯಾಲ್ಯೂ ಹೋಟೆಲಿನ ಸಾಮಾನ್ಯ ರೂಮಿನಲ್ಲಿ ನಾಲ್ಕು ಜನ. ನಾವು ಐದು. ಎರಡು ರೂಮು ತಗೊಂಡರೆ ಅಪ್ಪ-ಅಮ್ಮ ಬೇರೆ ಆಗುತ್ತಾರೆ. ಕೊನೆಗೆ ಆರ್ಟ್ ಆಫ್ ಆನಿಮೇಷನ್ ಹೋಟೆಲಿನ ಫ್ಯಾಮಿಲಿ ಸ್ವೀಟ್, ಅಂದರೆ ಇಡೀ ಕುಟುಂಬಕ್ಕಾಗುವ ದೊಡ್ಡ ರೂಮು, ತಗೊಂಡೆವು. ಆರು ಜನಕ್ಕೆ ಜಾಗ. ಒಂದು ಬೆಡ್‌ರೂಮು, ಹಾಸಿಗೆಯಾಗುವ ಸೋಫಾ, ಮತ್ತೆ ಊಟದ ಟೇಬಲ್ಲನ್ನು ಕೆಳಗೆ ಎಳೆದರೆ ಅದೂ ಮಂಚ. ಮೊದಲ ದಿನ ಅಮ್ಮ ಆ ಟೇಬಲ್ಲನ್ನು ಮೂರು ಸಲ ಎಳೆದು, ಮಡಚಿ, ಮತ್ತೆ ಎಳೆದು ನೋಡಿದರು. ಫ್ರಿಜ್ ಇದೆ, ಮೈಕ್ರೋವೇವ್ ಇದೆ. ಎಲ್ಲಕ್ಕಿಂತ ಮುಖ್ಯ, ಎರಡು ಬಾತ್‌ರೂಮ್. ಬೆಳಗ್ಗೆ ಸ್ನಾನ ಆಗದೆ ಕಾಫಿ ಕುಡಿಯದ ಇಬ್ಬರು ಹಿರಿಯರು ಮನೆಯಲ್ಲಿದ್ದರೆ ಈ ಎರಡನೇ ಬಾತ್‌ರೂಮಿಗೆ ಎಷ್ಟು ಕೊಟ್ಟರೂ ದಂಡವಲ್ಲ.

ಇನ್ನೊಂದು ಕಾರಣ ಸ್ಕೈಲೈನರ್. 2019ರಲ್ಲಿ ಶುರುವಾದ ರೋಪ್‌ವೇ, ತಂತಿಯಲ್ಲಿ ತೂಗುತ್ತಾ ಹೋಗುವ ಪೆಟ್ಟಿಗೆ. ನಮ್ಮ ಹೋಟೆಲಿನ ಕೆರೆ ಪಕ್ಕದಲ್ಲೇ ಹತ್ತಿ, ಕೆರಿಬಿಯನ್ ಬೀಚ್ ಹೋಟೆಲಿನ ಹತ್ತಿರ ಬದಲಾಯಿಸಿದರೆ ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್ ಅನ್ನುವ ಎರಡು ಪಾರ್ಕಿಗೂ ಹೋಗಬಹುದು. ಎಸಿ ಇಲ್ಲ, ಆದರೆ ಹೋಗುತ್ತಿರುವಾಗ ಗಾಳಿ ಚೆನ್ನಾಗಿ ಆಡುತ್ತದೆ. ಮಿಂಚು ಬಂದರೆ ನಿಲ್ಲಿಸಿಬಿಡುತ್ತಾರೆ, ಆಗ ಬಸ್ಸೇ ಗತಿ. ಉಳಿದೆರಡು ಪಾರ್ಕು, ಮ್ಯಾಜಿಕ್ ಕಿಂಗ್‌ಡಮ್ ಮತ್ತು ಆನಿಮಲ್ ಕಿಂಗ್‌ಡಮ್‌ಗೆ ಹೇಗೂ ಬಸ್ಸೇ. ಬಸ್ಸಿಗೆ ದುಡ್ಡಿಲ್ಲ. ಹೋಟೆಲಿನಲ್ಲಿ ಉಳಿದವರಿಗೆ ಪಾರ್ಕಿಂಗಿಗೂ ದುಡ್ಡಿಲ್ಲ.

ಇನ್ನು ನನ್ನ ಶೀಟ್. ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಪ್ಲಾನ್ ಅಂದರೆ ನನಗೆ ಎಕ್ಸೆಲ್. ನಾಲ್ಕು ದಿನ, ನಾಲ್ಕು ಪಾರ್ಕು, ನಾಲ್ಕು ಬಣ್ಣ, ಅರ್ಧ ಗಂಟೆಗೊಂದು ಸಾಲು. ರೈಡುಗಳಿಗೆ ಬೇಕಾದ ಎತ್ತರದ್ದೇ ಒಂದು ಕಾಲಮ್ಮು. ಅಡುಗೆಮನೆ ಬಾಗಿಲ ಚೌಕಟ್ಟಿಗೆ ಮಗಳನ್ನು ಶೂ ಹಾಕಿ ನಿಲ್ಲಿಸಿ ಪೆನ್ಸಿಲ್ಲಿನಲ್ಲಿ ಗೀಟು ಹಾಕಿದೆ. ಟೇಪಿನಲ್ಲಿ ಸರಿಯಾಗಿ 40 ಇಂಚು. 38 ಇಂಚು ಬೇಕಾದ ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೈನ್ ಸಲೀಸು, 40 ಬೇಕಾದ ಸೋರಿನ್ ಕೂಡ ಆಯಿತು ಅಂತ ಹಸಿರು ಬಣ್ಣ ಬಳಿದೆ. ಅಪ್ಪನ ಮಂಡಿಗೆ ಮಾತ್ರ ಆ ಶೀಟಿನಲ್ಲಿ ಕಾಲಮ್ಮೇ ಇರಲಿಲ್ಲ.

ಮೊದಲ ದಿನ ಮ್ಯಾಜಿಕ್ ಕಿಂಗ್‌ಡಮ್. 1971ರ ಅಕ್ಟೋಬರ್ 1ರಂದು ತೆರೆದ ಹಳೆಯ ಪಾರ್ಕು, ಸಿಂಡರೆಲಾ ಕೋಟೆ ಇರುವುದು ಇದರಲ್ಲೇ. ಡಿಸ್ನಿ ಹೋಟೆಲಿನಲ್ಲಿ ಉಳಿದವರನ್ನು ಅರ್ಧ ಗಂಟೆ ಮುಂಚೆ ಒಳಗೆ ಬಿಡುತ್ತಾರೆ. ಅದನ್ನು ಬಿಡಬಾರದು ಅಂತ ಐದೂ ಜನರನ್ನು ಏಳೂವರೆಗೇ ಬಸ್ಸು ಹತ್ತಿಸಿದೆ. ಹತ್ತು ಗಂಟೆಯ ತನಕ ಎಲ್ಲಾ ಶೀಟಿನ ಪ್ರಕಾರವೇ ನಡೆಯಿತು. ಮೈನ್ ಟ್ರೈನಿಗೆ ಹೆಚ್ಚು ಕಾಯಲಿಲ್ಲ. ಅಷ್ಟೊತ್ತೂ ಅಪ್ಪ-ಅಮ್ಮ ಹೊರಗೆ ಒಂದು ಗೋಡೆಗೆ ಒರಗಿ ನಿಂತಿದ್ದರು. ಹನ್ನೊಂದಕ್ಕೆ ಅಮ್ಮನ ಸೆರಗೆಲ್ಲಾ ಬೆವರು. ಒಂದು ಗಂಟೆಗೆ ಅಪ್ಪ ಬಲಗಾಲು ಎಳೆಯತೊಡಗಿದರು. ವೀಲ್‌ಚೇರ್ ಬಾಡಿಗೆಗೆ ಸಿಗುತ್ತದೆ, ತರಲಾ ಅಂದೆ. "ಕೂರಿಸಿ ಮೆರವಣಿಗೆ ಮಾಡೋಕೆ ನಾನೇನು ಉತ್ಸವಮೂರ್ತಿನಾ?" ಅಂದರು. ಸಿಟ್ಟು ಬಂದಿತ್ತು ಅವರಿಗೆ.

ಮಾನ ಉಳಿಸಿದ್ದು ಕ್ಯಾರಸೆಲ್ ಆಫ್ ಪ್ರೋಗ್ರೆಸ್. 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆ ಅಂತ ಮಾಡಿದ ಗೊಂಬೆಯಾಟ, 1975ರಿಂದ ಇಲ್ಲಿದೆ. ವೇದಿಕೆ ಅಲ್ಲಾಡಲ್ಲ, ಪ್ರೇಕ್ಷಕರು ಕೂತ ಸಾಲುಗಳೇ ಸುತ್ತುತ್ತವೆ. ಇಪ್ಪತ್ತು ನಿಮಿಷ, ಎಸಿ, ಕ್ಯೂ ಇಲ್ಲ. ಎರಡನೇ ದೃಶ್ಯಕ್ಕೇ ಅಪ್ಪನಿಗೆ ಗೊರಕೆ. ಹೊರಗೆ ಬಂದಾಗ ಆಕಾಶ ಕಪ್ಪಗಾಗಿತ್ತು, ಗುಡುಗು ಶುರುವಾಗಿ ಬಯಲಿನ ರೈಡುಗಳೆಲ್ಲ ನಿಂತಿದ್ದವು. ನಾವು ರೂಮಿಗೆ ವಾಪಸ್. ಆ ದಿನ ಸಂಜೆ ಆರಕ್ಕೆ ಹ್ಯಾಲೋವೀನ್ ಪಾರ್ಟಿಗಾಗಿ ಪಾರ್ಕು ಹೇಗೂ ಮುಚ್ಚುವುದಿತ್ತು. ಬೇಕಂತಲೇ ಆ ದಿನ ಆರಿಸಿದ್ದೆ. ರಾತ್ರಿಯ ಪಟಾಕಿ ನೋಡಲೇಬೇಕು ಅನ್ನುವವರು ಅಂಥ ದಿನ ಬರುವುದಿಲ್ಲ, ಹಾಗಾಗಿ ಹಗಲು ಕ್ಯೂ ಕಮ್ಮಿ. ಶೀಟಿನಲ್ಲಿ ಸರಿಹೋದ ಕೆಲವೇ ವಿಷಯಗಳಲ್ಲಿ ಇದೂ ಒಂದು.

ರಾತ್ರಿ ಅಪ್ಪ ಶೂ ಬಿಚ್ಚದೆ ಹಾಗೇ ಮಲಗಿದ್ದರು. ಫೋನು ನೋಡಿದೆ, 21 ಸಾವಿರ ಹೆಜ್ಜೆ. ಊರಲ್ಲಿ ತೋಟಕ್ಕೆ ನಾಲ್ಕು ಸಲ ಹೋಗಿ ಬಂದರೂ ಅಷ್ಟಾಗಲ್ಲ. ಅಮ್ಮ ಮೈಕ್ರೋವೇವಿನಲ್ಲಿ ನೀರು ಬಿಸಿಮಾಡಿ ಟವೆಲ್ ಅದ್ದಿ ಶಾಖ ಕೊಡುತ್ತಾ, ನನ್ನ ಕಡೆ ನೋಡದೆಯೇ ಹೇಳಿದರು, "ನಾಳೆ ಎಲ್ಲಿಗೂ ಬೇಡ ಕಣೇ."

ಲ್ಯಾಪ್‌ಟಾಪ್ ತೆಗೆದು ಶೀಟನ್ನು ಹೊಸದಾಗಿ ಬರೆದೆ. ಮಾರನೇ ದಿನ ಪಾರ್ಕಿಲ್ಲ, ಈಜುಕೊಳ ಮಾತ್ರ. ಹಾಲಿವುಡ್ ಸ್ಟುಡಿಯೋಸ್ ಪೂರ್ತಿ ಕೈಬಿಟ್ಟೆ. ಅಲ್ಲಿ ಇವರಿಬ್ಬರಿಗೆ ಹೇಳಿಕೊಳ್ಳುವಂಥದ್ದು ಕಮ್ಮಿ. ಉಳಿದ ದಿನಗಳಲ್ಲಿ ಬೆಳಗಿನ ಪಾಳಿ ನನ್ನದೂ ಮಗಳದ್ದೂ. ಅಪ್ಪ-ಅಮ್ಮನನ್ನು ಗಂಡ ಹತ್ತು ಗಂಟೆಗೆ ತಿಂಡಿ ಮುಗಿಸಿ ಕರಕೊಂಡು ಬರಬೇಕು. ಎರಡಕ್ಕೆ ಎಲ್ಲರೂ ರೂಮಿಗೆ, ನಿದ್ದೆ. ಐದರ ಮೇಲೆ ಮನಸ್ಸಿದ್ದವರು ಮತ್ತೆ ಹೊರಗೆ. ಹೋಟೆಲ್ ಒಳಗೇ ತಗೊಂಡಿದ್ದು ಸಾರ್ಥಕವಾಗಿದ್ದು ಈ ಎರಡರಿಂದ ಐದರ ನಿದ್ದೆಯಲ್ಲಿ. ಹೊರಗಿನ ಹೋಟೆಲಾಗಿದ್ದರೆ ಕಾರು ತೆಗೆದು ಬರುವುದರಲ್ಲೇ ಸುಸ್ತಾಗುತ್ತಿತ್ತು.

ಕ್ಯೂ ತಪ್ಪಿಸುವ ಲೈಟ್ನಿಂಗ್ ಲೇನ್ ಪಾಸನ್ನು ನಾನು ಕೊಂಡಿದ್ದು ಮ್ಯಾಜಿಕ್ ಕಿಂಗ್‌ಡಮ್‌ಗೆ ಮಾತ್ರ, ಅದೂ ನಮ್ಮ ಮೂವರಿಗೆ. ಡಿಸ್ನಿ ಹೋಟೆಲಿನವರಿಗೆ ಏಳು ದಿನ ಮುಂಚೆ ಬೆಳಗ್ಗೆ ಏಳಕ್ಕೆ ಬುಕಿಂಗ್ ತೆರೆಯುತ್ತದೆ, ಉಳಿದವರಿಗೆ ಮೂರು ದಿನ ಮುಂಚೆ. ಮೊದಲೇ ಮೂರು ರೈಡಿಗೆ ಸಮಯ ಹಿಡಿಯಬಹುದು, ಒಂದು ಮುಗಿದಮೇಲೆ ಇನ್ನೊಂದು. ರೈಡು ಹತ್ತದ ಹಿರಿಯರಿಗೂ ಸೇರಿಸಿ ಎಲ್ಲರಿಗೂ ಕೊಳ್ಳಬೇಕಾಗಿಲ್ಲ. ಪರಿಚಯದವರಲ್ಲಿ ತುಂಬಾ ಜನ ಸುಮ್ನೆ ಅಲ್ಲಿ ದುಡ್ಡು ಕಳೆದುಕೊಂಡಿದ್ದಾರೆ.

ಊಟದ ವಿಷಯದಲ್ಲಿ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಪಾರ್ಕಿನೊಳಗೆ ಮನೆ ತಿಂಡಿ ಒಯ್ಯಲು ಬಿಡುತ್ತಾರೆ. ಗಾಜಿನ ಬಾಟಲಿ ಕೂಡದು. ಕೌಂಟರಿನಲ್ಲಿ ಕೇಳಿದರೆ ಲೋಟ ತುಂಬಾ ಐಸ್ ನೀರು, ದುಡ್ಡಿಲ್ಲದೆ. ಬೆಳಗ್ಗೆ ರೂಮಿನಲ್ಲೇ ಮೊಸರವಲಕ್ಕಿ. ಡಬ್ಬಿಯಲ್ಲಿ ಗೊಜ್ಜವಲಕ್ಕಿ. ಹುಲಿ ನೋಡುತ್ತಾ ಕೋಡುಬಳೆ.

ಒಂದೇ ಒಂದು ದೊಡ್ಡ ಊಟಕ್ಕೆ 60 ದಿನ ಮುಂಚೆ ಟೇಬಲ್ ಹಿಡಿದಿದ್ದೆ. ಆನಿಮಲ್ ಕಿಂಗ್‌ಡಮ್ ಲಾಡ್ಜ್ ಅನ್ನುವ ಹೋಟೆಲಿನ ಸನಾ ರೆಸ್ಟೋರೆಂಟ್. ಈಜುಕೊಳದ ದಿನವೇ ಮಧ್ಯಾಹ್ನ ಹೋದೆವು. ಇದಕ್ಕೆ ಪಾರ್ಕಿನ ಟಿಕೆಟ್ ಬೇಕಿಲ್ಲ ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ. ಆಫ್ರಿಕಾದ ಅಡುಗೆಗೆ ನಮ್ಮ ದೇಶದ ಮಸಾಲೆ ಬೆರೆಸಿದ ಜಾಗ. ಬ್ರೆಡ್ ಸರ್ವಿಸ್ ಅಂತ ಕೇಳಿದರೆ ನಾನ್, ಕುಲ್ಚಾ, ಪರಾಠ ಥರ ಐದು ರೊಟ್ಟಿ, ಒಂಬತ್ತು ಬಗೆ ನಂಜಿಕೆ. ಅಮ್ಮ ಒಂಬತ್ತನ್ನೂ ಬೆರಳ ತುದಿಯಲ್ಲಿ ನೆಕ್ಕಿ ನೋಡಿ, ಹುಣಸೆಹಣ್ಣಿನದ್ದಕ್ಕೆ ಪಾಸು, ಉಪ್ಪಿನಕಾಯಿಗೆ "ಉಪ್ಪು ಹಿಡಿದಿಲ್ಲ" ಅಂತ ಫೇಲು ಮಾಡಿದರು. ಕಿಟಕಿಯಾಚೆ ಹುಲ್ಲುಗಾವಲಿನಲ್ಲಿ ಜಿರಾಫೆ ನಿಧಾನಕ್ಕೆ ನಡೆಯುತ್ತಿತ್ತು. ಅಪ್ಪ ಕುರ್ಚಿ ತಿರುಗಿಸಿಕೊಂಡು ಅದನ್ನೇ ನೋಡುತ್ತಾ ಊಟ ಮುಗಿಸಿದರು.

ಆನಿಮಲ್ ಕಿಂಗ್‌ಡಮ್ ಬಗ್ಗೆ ಎರಡೇ ಮಾತು. ಬೆಳಗ್ಗೆ ಸಫಾರಿಗೆ ಹೋಗಿ, ಪ್ರಾಣಿಗಳು ಆಗ ಓಡಾಡುತ್ತಿರುತ್ತವೆ. ಸೊಂಟ ನೋವಿದ್ದವರು ಲಾರಿಯ ಹಿಂದಿನ ಸಾಲು ಬೇಡ ಅನ್ನಿ. ಹಾಂ, ಇನ್ನೊಂದು. ಅಲ್ಲಿ ಆನಂದಪುರ ಅಂತ ಒಂದು ಊರು ಕಟ್ಟಿದ್ದಾರೆ, ಡಿಸ್ನಿಯವರೇ ಕಲ್ಪಿಸಿಕೊಂಡ ಊರು. ಪಾಳುಬಿದ್ದ ಅರಮನೆಯ ಥರ ಮಾಡಿ ಅದರಲ್ಲಿ ಸುಮಾತ್ರಾದ ಹುಲಿಗಳನ್ನು ಬಿಟ್ಟಿದ್ದಾರೆ. ಬಂಡೀಪುರಕ್ಕೆ ಮೂರು ಸಲ ಹೋಗಿ ಬರೀ ಜಿಂಕೆ ನೋಡಿ ಬಂದಿದ್ದ ಅಮ್ಮನಿಗೆ ಹುಲಿ ಸಿಕ್ಕಿದ್ದು ಫ್ಲೋರಿಡಾದಲ್ಲಿ.

ಎಪ್ಕಾಟ್ ದಿನ ನನ್ನ ಹಸಿರು ಬಣ್ಣ ಕೈಕೊಟ್ಟಿತು. ಗಾಳಿಯಲ್ಲಿ ಹಾರಿದ ಹಾಗನ್ನಿಸುವ ಸೋರಿನ್ ರೈಡಿನ ಬಾಗಿಲಲ್ಲಿ ಮಗಳನ್ನು ಅಳತೆಕೋಲಿನ ಪಕ್ಕ ನಿಲ್ಲಿಸಿದರು. ಕೋಲಿಗೂ ತಲೆಗೂ ನಡುವೆ ಅರ್ಧ ಬೆರಳು. ಬಾಗಿಲ ಚೌಕಟ್ಟಿನಲ್ಲಿ ಅವಳ ಜುಟ್ಟನ್ನೂ ಸೇರಿಸಿ ಗೀಟು ಹಾಕಿದ್ದೆ ಅಂತ ಆಗ ಹೊಳೆಯಿತು. ಅವಳು ನೆಲದ ಮೇಲೆ ಬಿದ್ದು ಅತ್ತಳು. ನಾನೂ ಗಂಡನೂ ಸರದಿಯಲ್ಲಿ ಹೋಗಿ ಬರಬಹುದಿತ್ತು, ಒಬ್ಬರು ಮಗು ನೋಡಿಕೊಂಡರೆ ಇನ್ನೊಬ್ಬರಿಗೆ ಮತ್ತೆ ಪೂರ್ತಿ ಕ್ಯೂ ನಿಲ್ಲದೆ ಹೋಗುವ ವ್ಯವಸ್ಥೆ ಇದೆ. ಆದರೆ ಆ ಅಳು ನೋಡಿ ಇಬ್ಬರಿಗೂ ಮನಸ್ಸಾಗಲಿಲ್ಲ. ಅದೇ ಕಟ್ಟಡದಲ್ಲಿ, ಹತ್ತು ಹೆಜ್ಜೆ ಆಚೆ, ಒಂದು ದೋಣಿ ರೈಡು. ಲಿವಿಂಗ್ ವಿತ್ ದ ಲ್ಯಾಂಡ್. ನನ್ನ ಶೀಟಿನಲ್ಲಿ ಅದರ ಮುಂದೆ "ಟೈಮ್ ಉಳಿದರೆ" ಅಂತಿತ್ತು.

ಮೊದಲು ಕತ್ತಲಲ್ಲಿ ಒಂದಿಷ್ಟು ಕಾಡು, ಮರಳುಗಾಡು. ಆಮೇಲೆ ದೋಣಿ ಗಾಜಿನ ಮನೆಗಳೊಳಗೆ ನುಗ್ಗಿತು. ಬಾಳೆ, ಪರಂಗಿ. ಮಗಳ ತಲೆ ಸವರುತ್ತಿದ್ದ ಅಪ್ಪನ ಕೈ ನಿಂತಿತು. ಮುಂದಿನ ಮನೆಯಲ್ಲಿ ಗಿಡಗಳು ಮಣ್ಣಿಲ್ಲದೆ ನೇತಾಡುತ್ತಿದ್ದವು. ಬೇರುಗಳೆಲ್ಲಾ ಬಯಲಲ್ಲಿ. ಒಂದೊಂದೇ ಗಿಡ ಸಾಲಾಗಿ ಸರಿದು ಒಂದು ಪೆಟ್ಟಿಗೆಯೊಳಗೆ ಹೋಗಿ, ಬೇರಿಗೆ ನೀರು ಚಿಮುಕಿಸಿಕೊಂಡು ಹೊರಗೆ ಬರುತ್ತಿತ್ತು.

"ಮಣ್ಣೆಲ್ಲಮ್ಮ?"

"ಮಣ್ಣಿಲ್ಲಪ್ಪ. ಗೊಬ್ಬರ ನೀರಲ್ಲೇ ಕಲಸಿರ್ತಾರೆ."

ಟೊಮೇಟೊ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸಿ ಮರ ಮಾಡಿದ್ದರು. ಇಲ್ಲಿ ಬೆಳೆದ ಅಂಥ ಒಂದೇ ಗಿಡದಲ್ಲಿ 32 ಸಾವಿರಕ್ಕೂ ಹೆಚ್ಚು ಹಣ್ಣು ಬಿಟ್ಟು ಗಿನ್ನೆಸ್ ದಾಖಲೆ ಆಗಿತ್ತು ಅಂದೆ. "ಎಣಿಸಿದೋನಿಗೆ ಎಷ್ಟು ಕೂಲಿ ಕೊಟ್ರೋ" ಅಂದರು. ಆದರೆ ಕಣ್ಣು ಅಲ್ಲಾಡಲಿಲ್ಲ. ದೋಣಿ ಇಳಿದವರೇ, "ಇನ್ನೊಂದು ಸಲ ಹೋಗಬಹುದಾ?" ಎರಡನೇ ಸಲ ಮೊಮ್ಮಗಳನ್ನು ತೊಡೆ ಪಕ್ಕ ಕೂರಿಸಿಕೊಂಡು ಒಂದೊಂದೇ ಗಿಡ ತೋರಿಸಿದರು. ಅವಳು ಸೋರಿನ್ ಮರೆತಿದ್ದಳು.

ಕೊನೆಯ ದಿನಕ್ಕೆ ಒಂದು ಪಾರ್ಕು ಟಿಕೆಟ್ ಉಳಿದಿತ್ತು. ನಮ್ಮ ಟಿಕೆಟ್ಟಿಗೆ ದಿನಕ್ಕೆ ಒಂದು ಪಾರ್ಕು, ಯಾವುದಾದರೂ ಸರಿ. ನಾನು ಮ್ಯಾಜಿಕ್ ಕಿಂಗ್‌ಡಮ್ ಅಂದುಕೊಂಡು ಅಲ್ಲೇ ಊಟಕ್ಕೆ ಟೇಬಲ್ ಕೂಡ ಹಿಡಿದಿದ್ದೆ. ಬೆಳಗ್ಗೆ ಕಾಫಿ ಹೊತ್ತಿಗೆ ಅಪ್ಪ ಸ್ನಾನ ಮುಗಿಸಿ, ಶೂ ಹಾಕಿ, ಬಾಗಿಲ ಹತ್ತಿರ ನಿಂತಿದ್ದರು. "ಆ ಬೇರು ನೇತಾಕಿದ ಜಾಗ, ಇವತ್ತು ತೆಗೆದಿರ್ತಾರಾ?"

ಎರಡು ಗಂಟೆ ಮುಂಚೆ ರದ್ದು ಮಾಡಿದರೆ ದಂಡ ಇಲ್ಲ. ಸ್ಕೈಲೈನರ್ ಕ್ಯೂನಲ್ಲೇ ಟೇಬಲ್ ರದ್ದು ಮಾಡಿದೆ.