ಶಾಲೆಗೆ ಮುಕ್ತ ತಂತ್ರಾಂಶ: ಮೊದಲು ಕನ್ನಡ, ಆಮೇಲೆ ಲಿನಕ್ಸ್

ವಿಂಡೋಸ್ 10ಕ್ಕೆ ಇದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಎಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಪ್ರೊಸೆಸರ್ ಕೂಡ ಹೊಸದಿರಬೇಕು. ನಮ್ಮ ಸರ್ಕಾರಿ, ಅನುದಾನಿತ ಶಾಲೆಗಳ ಲ್ಯಾಬ್‌ಗಳಲ್ಲಿರುವ ಎಷ್ಟೋ ಯಂತ್ರಗಳಿಗೆ ಇದು ಆಗುವ ಮಾತಲ್ಲ. ಹಾಗಂತ ಅವೇನೂ ಕೆಟ್ಟು ಕೂತಿಲ್ಲ. 4 ಜಿಬಿ ರ‍್ಯಾಮ್ ಇರುವ ಹತ್ತು ವರ್ಷದ ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂನ ಹಗುರವಾದ ಆವೃತ್ತಿ ಇವತ್ತಿಗೂ ಚೆನ್ನಾಗಿಯೇ ಓಡುತ್ತದೆ. ಗುಜರಿಗೆ ಹಾಕುವ ಮುನ್ನ, ಅಥವಾ ಲೈಸೆನ್ಸ್ ಇಲ್ಲದ ಪ್ರತಿಯನ್ನು ಯಾರಿಂದಲೋ ತಂದು ತುಂಬಿಸುವ ಮುನ್ನ, ಈ ದಾರಿಯನ್ನು ನೋಡಿ. ಲಿನಕ್ಸ್‌ನಂಥ ಮುಕ್ತ ತಂತ್ರಾಂಶವನ್ನು ಎಷ್ಟು ಯಂತ್ರಕ್ಕೆ ಬೇಕಾದರೂ ಹಾಕಬಹುದು, ಪೆನ್‌ಡ್ರೈವ್‌ನಲ್ಲಿ ಮಕ್ಕಳ ಮನೆಗೂ ಕಳಿಸಬಹುದು. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಇದು ಹೊಸ ಪ್ರಯೋಗವೂ ಅಲ್ಲ. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ ಕೆಲವೇ ವರ್ಷಗಳಲ್ಲಿ ಲಿನಕ್ಸ್ ಕಡೆಗೆ ಹೊರಳಿತು. 2017ರಲ್ಲಿ ಅದೇ ಯೋಜನೆ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಕಲಿಯುವುದು ಲಿನಕ್ಸ್ ಯಂತ್ರಗಳಲ್ಲೇ, ಕನ್ನಡದ ಪಠ್ಯಪುಸ್ತಕ ಇಟ್ಟುಕೊಂಡೇ. ಕರ್ನಾಟಕದಲ್ಲಿ 2011ರ ಹೊತ್ತಿಗೆ ಶಿಕ್ಷಣ ಇಲಾಖೆಯೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ಸೇರಿ ವಿಷಯ ಶಿಕ್ಷಕರ ವೇದಿಕೆ ಕಟ್ಟಿ, ಪ್ರೌಢಶಾಲಾ ಶಿಕ್ಷಕರಿಗೆ ಮುಕ್ತ ತಂತ್ರಾಂಶಗಳಲ್ಲೇ ತರಬೇತಿ ಕೊಟ್ಟವು. ಶಾಲೆಗಳ ಐಸಿಟಿ ಕುರಿತ ಕೇಂದ್ರದ 2012ರ ನೀತಿಯೂ ಇಂಥ ತಂತ್ರಾಂಶಕ್ಕೇ ಒಲವು ತೋರಿತ್ತು.

ಇಷ್ಟೆಲ್ಲ ಇದ್ದೂ ಶಾಲೆಗಳು ಎಡವುವುದು ಒಂದೇ ಕಡೆ. ಯಾರೋ ಉತ್ಸಾಹಿಗಳು ಭಾನುವಾರ ಬಂದು ಇಡೀ ಲ್ಯಾಬಿಗೆ ಲಿನಕ್ಸ್ ಹಾಕಿ ಹೋಗುತ್ತಾರೆ. ಸೋಮವಾರ ಕನ್ನಡ ಮೇಡಂ ಪ್ರಶ್ನೆಪತ್ರಿಕೆ ಟೈಪ್ ಮಾಡಲು ಕೂತರೆ ಕನ್ನಡ ಟೈಪಿಂಗ್‌ನ ‘ನುಡಿ’ ತಂತ್ರಾಂಶ ಇಲ್ಲ, ಹಳೆಯ ಫೈಲ್ ತೆರೆದರೆ ಅಕ್ಷರದ ಬದಲು ಇಂಗ್ಲಿಷ್ ಚಿಹ್ನೆಗಳ ರಾಶಿ. ಅಲ್ಲಿಗೆ ಮುಗಿಯಿತು, ಲ್ಯಾಬಿಗೆ ಬೀಗ. ಆದ್ದರಿಂದ ಕ್ರಮವನ್ನು ತಿರುವುಹಾಕಿ: ಮೊದಲು ಶಿಕ್ಷಕರ ಕನ್ನಡ, ಆಮೇಲೆ ಪಾಠದ ತಂತ್ರಾಂಶ, ಕಟ್ಟಕಡೆಗೆ ಆಪರೇಟಿಂಗ್ ಸಿಸ್ಟಂ.

ಮೊದಲ ವಾರ: ಇರುವುದನ್ನು ಬರೆದುಕೊಳ್ಳಿ

ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಯಂತ್ರಕ್ಕೂ ಒಂದು ಪುಟ ಕೊಡಿ. ರ‍್ಯಾಮ್ ಎಷ್ಟು, ಹಾರ್ಡ್‌ಡಿಸ್ಕ್ ಎಷ್ಟು, ಪ್ರೊಸೆಸರ್ 64-ಬಿಟ್ ಹೌದೋ ಅಲ್ಲವೋ, ಅದರಲ್ಲಿ ಯಾವ ಕೆಲಸ ನಡೆಯುತ್ತಿದೆ ಎಂಬುದನ್ನೆಲ್ಲ ಬರೆಯಿರಿ. ಪ್ರಿಂಟರಿನ ಮಾಡೆಲ್ ನಂಬರನ್ನು ಮರೆಯಬೇಡಿ. ಕೆಲವು ಹಳೆಯ ಲೇಸರ್ ಪ್ರಿಂಟರುಗಳು ಲಿನಕ್ಸ್‌ನಲ್ಲಿ ಬಹಳ ಸತಾಯಿಸುತ್ತವೆ. ಅದು ಮೊದಲೇ ಗೊತ್ತಿದ್ದರೆ ಪ್ರಿಂಟ್ ತೆಗೆಯಲೆಂದೇ ಒಂದು ಯಂತ್ರವನ್ನು ವಿಂಡೋಸ್‌ನಲ್ಲಿ ಉಳಿಸಿಕೊಳ್ಳಬಹುದು.

ಕಚೇರಿಯ ಕಂಪ್ಯೂಟರಿನ ವಿಷಯ ಬೇರೆ. ಮಕ್ಕಳ, ಶಾಲೆಯ ಮಾಹಿತಿ ತುಂಬುವ ಎಸ್‌ಎಟಿಎಸ್, ಯುಡೈಸ್ ಪ್ಲಸ್ ಎಲ್ಲ ಬ್ರೌಸರಿನಲ್ಲೇ ನಡೆಯುವುದರಿಂದ ಅವುಗಳ ಚಿಂತೆಯಿಲ್ಲ. ಆದರೆ ಡಿಜಿಟಲ್ ಸಹಿಯ ಟೋಕನ್ ಬಳಸುವ ಯಂತ್ರವಿದ್ದರೆ ಅದನ್ನು ಸದ್ಯಕ್ಕೆ ಮುಟ್ಟಬೇಡಿ. ಸಂಬಳದ ಬಿಲ್ಲು ನಿಂತರೆ ಇಡೀ ಶಾಲೆಯೇ ನಿಮ್ಮ ವಿರುದ್ಧ ನಿಲ್ಲುತ್ತದೆ.

ಇಲಾಖೆಯಿಂದ ಬಂದ ಯಂತ್ರಗಳಾದರೆ ವಾರಂಟಿ ಅಥವಾ ವಾರ್ಷಿಕ ನಿರ್ವಹಣೆಯ ಕರಾರು ಇನ್ನೂ ಇದೆಯೇ ಎಂದು ಸ್ಟಾಕ್ ರಿಜಿಸ್ಟರ್ ತೆಗೆದು ನೋಡಿ. ಏನೇ ಬದಲಾವಣೆ ಮಾಡುವುದಿದ್ದರೂ ಮುಖ್ಯ ಶಿಕ್ಷಕರ ಲಿಖಿತ ಒಪ್ಪಿಗೆ ಇರಲಿ. ಎಸ್‌ಡಿಎಂಸಿ ಸಭೆಯಲ್ಲಿ ಒಂದು ಸಾಲಿನ ನಿರ್ಣಯವಾದರೆ ಇನ್ನೂ ಒಳ್ಳೆಯದು. ವರ್ಗಾವಣೆಯಾಗಿ ಹೊಸ ಎಚ್‌ಎಂ ಬಂದಾಗ ಆ ಒಂದು ಸಾಲು ಕೆಲಸಕ್ಕೆ ಬರುತ್ತದೆ.

ವಿಂಡೋಸ್‌ನಲ್ಲಿ ಇದ್ದುಕೊಂಡೇ ಶುರುಮಾಡಿ

ಬರವಣಿಗೆಗೆ ಲಿಬ್ರೆಆಫೀಸ್, ಬ್ರೌಸರ್ ಆಗಿ ಫೈರ್‌ಫಾಕ್ಸ್, ವಿಡಿಯೊಗೆ ವಿಎಲ್‌ಸಿ, ಚಿತ್ರಕ್ಕೆ ಗಿಂಪ್, ಧ್ವನಿಗೆ ಅಡಾಸಿಟಿ ಇವೆಲ್ಲ ವಿಂಡೋಸ್‌ನಲ್ಲೂ ನಡೆಯುತ್ತವೆ. ಒಂದು ಟರ್ಮ್ ಪೂರ್ತಿ ಇವನ್ನೇ ಬಳಸಿ. ಕೈ ಇವಕ್ಕೆ ಒಗ್ಗಿದ ಮೇಲೆ ಕೆಳಗಿನ ಆಪರೇಟಿಂಗ್ ಸಿಸ್ಟಂ ಬದಲಾದರೂ ಶಿಕ್ಷಕರಿಗೆ ಅಷ್ಟಾಗಿ ತಿಳಿಯುವುದೇ ಇಲ್ಲ.

ಲಿಬ್ರೆಆಫೀಸ್‌ನಲ್ಲಿ ವರ್ಡ್ ಫೈಲುಗಳು ತೆರೆಯುತ್ತವೆ. ಕೋಷ್ಟಕ ಜಾಸ್ತಿ ಇರುವ ಫೈಲುಗಳಲ್ಲಿ ಸಾಲುಗಳು ಕೊಂಚ ಹಿಂದುಮುಂದಾಗುವುದುಂಟು. ಅದಕ್ಕೇ ಮೂಲ ಪ್ರತಿಯನ್ನು ಲಿಬ್ರೆಆಫೀಸ್‌ನ ಸ್ವಂತ ರೂಪವಾದ ಒಡಿಟಿಯಲ್ಲಿ ಉಳಿಸಿ, ಬಿಇಒ ಕಚೇರಿಗೆ ಪಿಡಿಎಫ್ ಕಳಿಸಿ. ಪಿಡಿಎಫ್ ಎಲ್ಲಿ ತೆರೆದರೂ ಒಂದೇ ರೀತಿ ಕಾಣುತ್ತದೆ.

ಇನ್ನು ಹಳೆಯ ನುಡಿ ಫೈಲುಗಳು. ಹಿಂದಿನ ‘ನುಡಿ’, ‘ಬರಹ’ ತಂತ್ರಾಂಶಗಳಲ್ಲಿ ಆಸ್ಕಿ ಫಾಂಟ್ (ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟ್) ಬಳಸಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಡೆ ಓದಲು ಬರುವುದಿಲ್ಲ. ಹತ್ತು-ಹದಿನೈದು ವರ್ಷಗಳ ಪ್ರಶ್ನೆಪತ್ರಿಕೆ, ಪಾಠ ಯೋಜನೆ, ವಾರ್ಷಿಕೋತ್ಸವದ ವರದಿಗಳೆಲ್ಲ ಹೀಗೇ ಸಿಕ್ಕಿಬಿದ್ದಿರುತ್ತವೆ. ಆಸ್ಕಿಯಿಂದ, ಎಲ್ಲ ಕಡೆ ಓದಲು ಬರುವ ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ಎಲ್ಲವನ್ನೂ ಒಂದೇ ಉಸಿರಿಗೆ ಬದಲಿಸಲು ಹೋಗಬೇಡಿ. ಈ ವರ್ಷ ಬೇಕಾದ ಫೈಲುಗಳನ್ನು ಮಾತ್ರ ತೆಗೆದುಕೊಳ್ಳಿ, ಬದಲಿಸಿದ್ದನ್ನು ಒಮ್ಮೆ ಓದಿ ನೋಡಿ. ಅರ್ಕಾವತ್ತು, ಒತ್ತಕ್ಷರ, ನಡುವೆ ಬರುವ ಇಂಗ್ಲಿಷ್ ಪದ ಮತ್ತು ಅಂಕಿಗಳಲ್ಲಿ ತಪ್ಪು ನುಸುಳುತ್ತದೆ. ಗಣಿತದ ಪ್ರಶ್ನೆಪತ್ರಿಕೆಯನ್ನಂತೂ ಗಣಿತದವರೇ ನೋಡಬೇಕು.

ಲಿನಕ್ಸ್‌ನಲ್ಲಿ ಕನ್ನಡ

ಟೈಪಿಂಗ್ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ ಎಂಬ ಭಯ ಹಲವರಿಗಿದೆ. ಬೇಕಿಲ್ಲ. ನುಡಿಯಲ್ಲಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ. ಅದೇ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ. ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ‘ಐಬಸ್-ಎಂ17ಎನ್’ (ibus-m17n) ಎಂಬ ಪ್ಯಾಕೇಜ್ ಹಾಕಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ಐಬಸ್ ಸೆಟ್ಟಿಂಗ್‌ನಲ್ಲಿ ಕನ್ನಡ ಆರಿಸಿ, ಪಟ್ಟಿಯಲ್ಲಿ ‘ಕೆಜಿಪಿ’ (kgp) ಎಂದಿರುವುದನ್ನು ಸೇರಿಸಿ. ವಿಂಡೋಸ್ ಗುರುತಿನ ಕೀ ಒತ್ತಿಹಿಡಿದು ಸ್ಪೇಸ್ ಬಾರ್ ಒತ್ತಿದರೆ ಕನ್ನಡ, ಮತ್ತೊಮ್ಮೆ ಒತ್ತಿದರೆ ಇಂಗ್ಲಿಷ್. ಈಗ ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿ ನೋಡಿ. ತೆರೆಯ ಮೇಲೆ ‘ಕನ್ನಡ’ ಎಂದು ಮೂಡುತ್ತದೆ. ಎಫ್ ಕೀಲಿಯೇ ಒತ್ತಕ್ಷರ ಕೊಡುವುದು, ನುಡಿಯಲ್ಲಿದ್ದ ಹಾಗೆಯೇ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಕಲಿತವರಿಗೆ ಅದೂ ಅದೇ ಪಟ್ಟಿಯಲ್ಲಿ ಸಿಗುತ್ತದೆ.

ಫಾಂಟಿಗೂ ಬರವಿಲ್ಲ. ಲೋಹಿತ್, ನವಿಲು, ಗುಬ್ಬಿ ಮೂರೂ ಮುಕ್ತ ಫಾಂಟುಗಳು. ಮುದ್ರಣಕ್ಕೆ ಮೂರನ್ನೂ ಹಾಕಿ ನೋಡಿ, ಕಣ್ಣಿಗೆ ಹಿತವಾದದ್ದನ್ನು ಇಡೀ ಶಾಲೆಗೆ ಒಂದೇ ಎಂದು ಗೊತ್ತುಮಾಡಿಕೊಳ್ಳಿ. ಮೆನುಗಳನ್ನೂ ಕನ್ನಡಕ್ಕೆ ಬದಲಿಸಬೇಕೇ ಎಂಬುದನ್ನು ಶಿಕ್ಷಕರಿಗೆ ಬಿಡಿ. ಚಿಕ್ಕ ಮಕ್ಕಳ ಯಂತ್ರದಲ್ಲಿ ಕನ್ನಡ ಮೆನು ಇರಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಪಾಠಕ್ಕೆ ಯಾವುದು?

ನೂರೆಂಟು ತಂತ್ರಾಂಶ ತುಂಬಿಸಬೇಡಿ. ವಿಷಯಕ್ಕೆ ಒಂದರಂತೆ ಆರಿಸಿ, ಅದನ್ನು ಚೆನ್ನಾಗಿ ಕಲಿಯಿರಿ. ವಿಜ್ಞಾನಕ್ಕೆ ಸ್ಟೆಲ್ಲೇರಿಯಂ ಇದೆ. ನಿಮ್ಮೂರನ್ನು ಆರಿಸಿದರೆ ಇವತ್ತು ರಾತ್ರಿ ಅಲ್ಲಿ ಕಾಣುವ ಆಕಾಶವನ್ನೇ ತೋರಿಸುತ್ತದೆ. ಆವರ್ತ ಕೋಷ್ಟಕಕ್ಕೆ ಕ್ಯಾಲ್ಜಿಯಂ, ಭೂಗೋಳಕ್ಕೆ ಮಾರ್ಬಲ್. ಸಣ್ಣ ಮಕ್ಕಳಿಗೆ ಟಕ್ಸ್ ಪೇಂಟ್ ಮತ್ತು ಜಿಕಾಂಪ್ರಿ ಸಾಕು, ಎರಡನೆಯದರಲ್ಲಿ ನೂರಕ್ಕೂ ಹೆಚ್ಚು ಚಟುವಟಿಕೆಗಳಿವೆ.

ಆದರೆ ಒಂದನ್ನೇ ಆರಿಸಿ ಎಂದರೆ ನಾನು ಜಿಯೋಜೀಬ್ರಾ ಎನ್ನುತ್ತೇನೆ. ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ಶುರುಮಾಡಿದ ತಂತ್ರಾಂಶ ಇದು. ಅದರ ಲೈಸೆನ್ಸ್ ವಾಣಿಜ್ಯ ಬಳಕೆಗೆ ಮಿತಿ ಹಾಕುತ್ತದೆ, ಶಾಲೆಗೆ ಅಡ್ಡಿಯಿಲ್ಲ. ತ್ರಿಭುಜವೊಂದನ್ನು ಎಳೆದು ಮೂರೂ ಬಾಹುಗಳಿಗೆ ಲಂಬಾರ್ಧಕ ಹಾಕಿ. ಮೂರೂ ಸೇರುವ ಬಿಂದುವನ್ನು ಕೇಂದ್ರವಾಗಿಟ್ಟು ಶೃಂಗಗಳ ಮೂಲಕ ವೃತ್ತ ಎಳೆಯಿರಿ. ಈಗ ಒಂದು ಶೃಂಗವನ್ನು ಮೌಸ್‌ನಿಂದ ಹಿಡಿದು ಎಳೆಯುತ್ತ ಹೋಗಿ. ಕೋನ 90 ಡಿಗ್ರಿ ಮುಟ್ಟಿದ ಕ್ಷಣ ಪರಿಕೇಂದ್ರ ಸರಿಯಾಗಿ ವಿಕರ್ಣದ ಮಧ್ಯಬಿಂದುವಿಗೆ ಬಂದು ಕೂರುತ್ತದೆ. ಇನ್ನಷ್ಟು ಎಳೆದರೆ ತ್ರಿಭುಜದ ಹೊರಗೇ ಹೋಗುತ್ತದೆ. ಕರಿಹಲಗೆಯ ಮೇಲೆ ಮೂರು ಚಿತ್ರ ಬಿಡಿಸಿ ಹೇಳಬೇಕಿದ್ದುದನ್ನು ಮಕ್ಕಳು ತಾವೇ ಎಳೆದು ಕಂಡುಕೊಳ್ಳುತ್ತಾರೆ, ‘ಯಾಕೆ ಹೊರಗೆ ಹೋಯ್ತು ಸರ್?’ ಎಂದು ಅವರೇ ಕೇಳುತ್ತಾರೆ. ಪಾಠ ಶುರುವಾಗುವುದೇ ಆ ಪ್ರಶ್ನೆಯಿಂದ.

ಈಗ ಲಿನಕ್ಸ್: ಮೊದಲು ಒಂದೇ ಯಂತ್ರಕ್ಕೆ

ಲಿನಕ್ಸ್‌ನ ಹಲವು ಬಗೆಗಳಲ್ಲಿ ಶಾಲೆಗೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹೊಂದುತ್ತದೆ ಎಂಬುದು ನನ್ನ ಅನಿಸಿಕೆ. ಹಗುರ, ನೋಟ ವಿಂಡೋಸ್‌ಗೆ ಹತ್ತಿರ. ಮಿಂಟ್ 22 ಸರಣಿಗೆ 2029ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. 32-ಬಿಟ್ ಯಂತ್ರಗಳಿಗೆ ಇದು ಬರುವುದಿಲ್ಲ. ಅವಕ್ಕೆ ಡೆಬಿಯನ್ 12 ಎಂಬ ಇನ್ನೊಂದು ಬಗೆಯ ಲಿನಕ್ಸ್ ಇದೆ.

ಅಧಿಕೃತ ತಾಣದಿಂದ ಐಎಸ್‌ಒ ಫೈಲ್ (ಇಡೀ ಲಿನಕ್ಸ್ ಇರುವ ಒಂದೇ ಫೈಲ್) ಇಳಿಸಿಕೊಂಡು, ರೂಫಸ್ ಅಥವಾ ವೆಂಟಾಯ್ ಎಂಬ ತಂತ್ರಾಂಶ ಬಳಸಿ 8 ಜಿಬಿ ಪೆನ್‌ಡ್ರೈವ್‌ಗೆ ಹಾಕಿ. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಯಂತ್ರ ಆನ್ ಮಾಡುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಕೀ ಒತ್ತಿದರೆ ಯಾವುದರಿಂದ ಶುರುವಾಗಬೇಕು ಎಂದು ಕೇಳುತ್ತದೆ. ಪೆನ್‌ಡ್ರೈವ್ ಆರಿಸಿ. ಹಾರ್ಡ್‌ಡಿಸ್ಕ್ ಮುಟ್ಟದೆ ಇಡೀ ಲಿನಕ್ಸ್ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ. ಈ ಸ್ಥಿತಿಯಲ್ಲೇ ಧ್ವನಿ, ಪ್ರಾಜೆಕ್ಟರ್, ವೈಫೈ, ಪ್ರಿಂಟರ್ ಎಲ್ಲವನ್ನೂ ಪರೀಕ್ಷಿಸಿ. ಒಂದು ಕೆಲಸ ಮಾಡದಿದ್ದರೂ ಇನ್‌ಸ್ಟಾಲ್ ಮಾಡಲು ಅವಸರಪಡಬೇಡಿ.

ಎಲ್ಲ ಸರಿಯಿದ್ದರೆ ಮುಂದುವರಿಯಿರಿ. ಅದಕ್ಕೂ ಮೊದಲು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಫೋಲ್ಡರುಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿ, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ನಕಲು ಮಾಡಿದರೆ ಸಾಲದು, ತೆರೆಯುತ್ತದೆಯೇ ಎಂದು ನೋಡಲೇಬೇಕು. ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಇರಲಿ ಎನ್ನುವುದಾದರೆ ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿಬಿಡಿ. ಇನ್‌ಸ್ಟಾಲ್ ಆಗುವಾಗ ಯುಪಿಎಸ್ ಇರಲೇಬೇಕು. ನಡುವೆ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂಬ ಸ್ಥಿತಿ ಬಂದೀತು.

ಹಳೆಯ ಲ್ಯಾಬುಗಳಲ್ಲಿ ಪದೇಪದೇ ಕಾಣುವ ಒಂದು ಸಮಸ್ಯೆ ಹೇಳಲೇಬೇಕು. ಇಂಟರ್‌ನೆಟ್ ಇರುತ್ತದೆ, ಆದರೆ ಯಾವ ತಾಣ ತೆರೆದರೂ ಬ್ರೌಸರ್ ‘ಸುರಕ್ಷಿತವಲ್ಲ’ ಎನ್ನುತ್ತದೆ. ಎಲ್ಲರೂ ಲಿನಕ್ಸ್‌ನ ಮೇಲೆ ತಪ್ಪು ಹೊರಿಸುತ್ತಾರೆ. ಮೂಲೆಯಲ್ಲಿರುವ ದಿನಾಂಕ ನೋಡಿ. ಮದರ್‌ಬೋರ್ಡಿನ ಬ್ಯಾಟರಿ ಸತ್ತಿದ್ದರೆ ಪ್ರತಿ ಸಲ ಆಫ್ ಮಾಡಿದಾಗಲೂ ಗಡಿಯಾರ ಹಳೆಯ ವರ್ಷಕ್ಕೆ ಹೋಗಿಬಿಡುತ್ತದೆ, ತಾಣಗಳ ಭದ್ರತಾ ಪತ್ರ ಆ ದಿನಾಂಕಕ್ಕೆ ತಾಳೆಯಾಗುವುದಿಲ್ಲ. ಹೆಚ್ಚಿನ ಯಂತ್ರಗಳಿಗೆ ಬೇಕಾಗುವುದು ವಾಚ್ ಅಂಗಡಿಯಲ್ಲೂ ಸಿಗುವ ಸಿಆರ್2032 ನಾಣ್ಯದ ಬ್ಯಾಟರಿ.

ಒಂದು ಯಂತ್ರ ಒಂದು ತಿಂಗಳು ತೊಂದರೆಯಿಲ್ಲದೆ ನಡೆದ ಮೇಲೆ ಕ್ಲೋನ್‌ಜಿಲ್ಲಾ ಎಂಬ ತಂತ್ರಾಂಶದಿಂದ ಅದರ ಪ್ರತಿರೂಪ ತೆಗೆದು ಉಳಿದವಕ್ಕೆ ಹಾಕಿ. ಗುರಿ ಯಂತ್ರದ ಡಿಸ್ಕ್ ಮೂಲದ್ದಕ್ಕಿಂತ ಚಿಕ್ಕದಿರಬಾರದು. ಪ್ರತಿ ಯಂತ್ರದಲ್ಲೂ ಎರಡು ಖಾತೆ ಇರಲಿ: ಪಾಸ್‌ವರ್ಡ್ ಇರುವ ಶಿಕ್ಷಕರದ್ದು, ಏನನ್ನೂ ಇನ್‌ಸ್ಟಾಲ್ ಮಾಡಲಾಗದ ಮಕ್ಕಳದ್ದು. ಶಿಕ್ಷಕರ ಪಾಸ್‌ವರ್ಡನ್ನು ಬರೆದು ಲಕೋಟೆಯಲ್ಲಿಟ್ಟು ಮುಖ್ಯ ಶಿಕ್ಷಕರ ಬೀರುವಿನಲ್ಲಿಡಿ. ಅದು ಒಬ್ಬರಿಗೇ ಗೊತ್ತಿದ್ದು ಅವರಿಗೆ ವರ್ಗವಾದರೆ ಲ್ಯಾಬೂ ಅವರ ಜೊತೆಗೇ ಹೋದಂತೆ.

ಇಂಟರ್‌ನೆಟ್ ಇಲ್ಲದ ಶಾಲೆಗಳಿಗೆ ಕಿವಿಕ್ಸ್ ಎಂಬ ತಂತ್ರಾಂಶವಿದೆ. ಕನ್ನಡ ವಿಕಿಪೀಡಿಯವನ್ನು ಎಲ್ಲಾದರೂ ಒಮ್ಮೆ ಇಳಿಸಿಕೊಂಡು ಬಂದರೆ ಸಾಕು, ಲ್ಯಾಬಿನ ಎಲ್ಲ ಯಂತ್ರಗಳಲ್ಲೂ ನೆಟ್ ಇಲ್ಲದೆ ಓದಬಹುದು. ಅಪ್‌ಡೇಟ್‌ಗೆ ತಿಂಗಳಿಗೊಮ್ಮೆ ಮೊಬೈಲ್‌ನಿಂದ ಯುಎಸ್‌ಬಿ ಮೂಲಕ ನೆಟ್ ಕೊಟ್ಟರೂ ನಡೆದೀತು.

ಕಲಿಸುವವರು ಯಾರು?

ಒಂದು ದಿನದ ಕಾರ್ಯಾಗಾರದಿಂದ ಏನೂ ಆಗುವುದಿಲ್ಲ. ವಾರಕ್ಕೊಂದು ಅವಧಿ, ಇಬ್ಬರು ಶಿಕ್ಷಕರು ಒಂದು ಯಂತ್ರದ ಮುಂದೆ, ತಮ್ಮದೇ ಮುಂದಿನ ವಾರದ ಪಾಠ. ಇಷ್ಟು ಮಾಡಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಇಂಥ ತಂತ್ರಾಂಶಗಳ ಪುಟ್ಟ ವಿಡಿಯೊ ಪಾಠಗಳು ಕನ್ನಡದಲ್ಲೂ ಇವೆ. ವಿಡಿಯೊ ನಿಲ್ಲಿಸಿ, ಮಾಡಿ ನೋಡಿ, ಮತ್ತೆ ಮುಂದುವರಿಸಿ ಕಲಿಯುವಂತೆ ಅವನ್ನು ರೂಪಿಸಿದ್ದಾರೆ. ಎಂಟನೇ, ಒಂಬತ್ತನೇ ತರಗತಿಯ ನಾಲ್ಕೈದು ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಅವರು ಬೇಗ ಕಲಿಯುತ್ತಾರೆ, ಕಿರಿಯರಿಗೆ ಹೇಳಿಕೊಡುತ್ತಾರೆ.

ಮುಂದೆ ಹೊಸ ಯಂತ್ರ ಕೊಳ್ಳುವಾಗ, ಅಥವಾ ದಾನಿಗಳು ಕೊಡಲು ಮುಂದೆ ಬಂದಾಗ, ಕೊಟೇಷನ್ನಿನಲ್ಲೇ ಎರಡು ಸಾಲು ಸೇರಿಸಿ: ಕಂಪ್ಯೂಟರ್ ಲಿನಕ್ಸ್‌ನೊಂದಿಗೆ ಅಥವಾ ಆಪರೇಟಿಂಗ್ ಸಿಸ್ಟಂ ಇಲ್ಲದೆ ಬರಬೇಕು, ಪ್ರಿಂಟರಿಗೆ ಲಿನಕ್ಸ್ ಡ್ರೈವರ್ ಇರಬೇಕು. ಪೂರೈಕೆದಾರರು ಯಂತ್ರ ತಂದ ದಿನ ನಿಮ್ಮ ಪೆನ್‌ಡ್ರೈವ್ ಹಾಕಿ, ಒಂದು ಪುಟ ಕನ್ನಡ ಪ್ರಿಂಟ್ ತೆಗೆದು ನೋಡಿ, ಆಮೇಲೆ ಸಹಿ ಹಾಕಿ.