ಗುಂಡು ಝೋಂಬಿಗಲ್ಲ, ದಾರಿಗೆ: ರೆಸಿಡೆಂಟ್ ಈವಿಲ್ 2ರಲ್ಲಿ ನನ್ನ ಅನುಭವ

ಈ ಹಾರರ್ ವಿಡಿಯೋ ಗೇಮನ್ನ ಮೊದಲ ಸಲ ಆಡಿದಾಗ, ಪೊಲೀಸ್ ಸ್ಟೇಷನ್ನಿನ ಕೆಳಗೆ ನೆಲದಡಿಗೆ ಇಳಿಯೋ ಹೊತ್ತಿಗೆ ನನ್ನ ಹತ್ತಿರ ಉಳಿದಿದ್ದು ಆರೇ ಆರು ಪಿಸ್ತೂಲ್ ಗುಂಡು. ಶಾಟ್‌ಗನ್ ಖಾಲಿ. ಗಾಯ ವಾಸಿ ಮಾಡೋ ಹಸಿರು ಗಿಡ ಒಂದೂ ಇಲ್ಲ. ಎದುರಿಗೆ ವೈರಸ್‌ನಿಂದ ರಾಕ್ಷಸನಾದ ವಿಜ್ಞಾನಿ ವಿಲಿಯಂ ಬರ್ಕಿನ್, ಭುಜದಲ್ಲಿ ಅಷ್ಟು ದೊಡ್ಡ ಕಣ್ಣು ಬಿಟ್ಟುಕೊಂಡು, ಕಬ್ಬಿಣದ ಪೈಪ್ ಬೀಸುತ್ತಾ ಬರ್ತಿದ್ದಾನೆ. ಹನ್ನೊಂದು ಸಲ ಸತ್ತೆ. ಕೊನೆಗೆ ತುಂಬಾ ಹಿಂದಿನ ಒಂದು ಸೇವ್ ತೆಗೆದು ಅಲ್ಲಿಂದ ಮತ್ತೆ ಶುರು ಮಾಡಿದೆ.

ಅವತ್ತು ರಾತ್ರಿ ಮಲಗಿದ ಮೇಲೂ ತಲೆಯಲ್ಲಿ ಅದೇ ಓಡುತ್ತಿತ್ತು. ನನ್ನ ಗುರಿ ಕೆಟ್ಟದಾಗಿರಲಿಲ್ಲ. ಗೇಮ್ ಕೂಡ ನನಗೆ ಕಡಿಮೆ ಗುಂಡು ಕೊಟ್ಟಿರಲಿಲ್ಲ. ಹಾಗಾದ್ರೆ ಗುಂಡೆಲ್ಲ ಎಲ್ಲಿಗೆ ಹೋಯ್ತು?

ನಾನು ಹೇಳ್ತಿರೋದು ಗೇಮ್ ಕಂಪನಿ ಕ್ಯಾಪ್‌ಕಾಮ್ 2019ರ ಜನವರಿಯಲ್ಲಿ ಬಿಟ್ಟ ಹೊಸ ರೂಪದ ಬಗ್ಗೆ. ಮೂಲ ಗೇಮ್ ಬಂದಿದ್ದು 1998ರಲ್ಲಿ, ಕಥೆ ನಡೆಯೋದೂ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ರಕೂನ್ ಸಿಟಿಯಲ್ಲಿ. ಆಡಿದ್ದು ಲಿಯಾನ್ ಆಗಿ. ಪೊಲೀಸ್ ಕೆಲಸಕ್ಕೆ ಆಗಷ್ಟೇ ಸೇರಿದ ಹುಡುಗ, ಕೈಯಲ್ಲಿ ಮಟಿಲ್ಡಾ ಅನ್ನೋ ಪಿಸ್ತೂಲು. ಅದರಲ್ಲಿ ಹಿಡಿಯೋದು 12 ಗುಂಡು.

ಎರಡನೇ ಸಲ ಆಡುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಪ್ರತಿ ಸಲ ಗುಂಡು ಹಾರಿಸಿದಾಗಲೂ ಎಲ್ಲಿ, ಎಷ್ಟು ಅಂತ ಬರೆದೆ. ಒಂದು ಗಂಟೆ ಆಡಿ ನೋಡಿದರೆ ಲೆಕ್ಕ ಎದುರಿಗೇ ಇತ್ತು. ಸ್ಟ್ಯಾಂಡರ್ಡ್ ಅನ್ನೋ ಮಾಮೂಲಿ ಕಷ್ಟದ ಮಟ್ಟದಲ್ಲೇ ಒಂದು ಝೋಂಬಿಯನ್ನು ಪೂರ್ತಿ ಸಾಯಿಸೋಕೆ ನನಗೆ ಐದಾರು ಗುಂಡು ಬೇಕಾಗ್ತಿತ್ತು, ಕೆಲವು ಸಲ ಇನ್ನೂ ಜಾಸ್ತಿ. ಅಂದ್ರೆ ತುಂಬಿದ ಪಿಸ್ತೂಲಿಗೆ ಎರಡೇ ಹೆಣ. ಅದರಲ್ಲಿ ಅರ್ಧದಷ್ಟನ್ನು ನಾನು ಸಾಯಿಸಿದ್ದು ಮತ್ತೆಂದೂ ಕಾಲಿಡದ ಕೋಣೆಗಳಲ್ಲಿ! ಒಳಗೆ ಹೋದೆ, ಹೆದರಿದೆ, ಹೊಡೆದೆ, ಒಂದು ಗಿಡ ಎತ್ತಿಕೊಂಡು ಹೊರಗೆ ಬಂದೆ. ಆ ಗಿಡಕ್ಕೆ ನಾನು ಕೊಟ್ಟ ಬೆಲೆ ಹತ್ತು ಗುಂಡು.

ಆಮೇಲೆ ನನ್ನ ಪ್ರಶ್ನೆಯೇ ಬದಲಾಯ್ತು. "ಇವನನ್ನ ಹೊಡೀಲಾ?" ಅಂತ ಕೇಳೋದು ಬಿಟ್ಟೆ. "ಈ ದಾರೀಲಿ ಮತ್ತೆ ಎಷ್ಟು ಸಲ ಓಡಾಡ್ತೀನಿ?" ಅಂತ ಕೇಳಿಕೊಂಡೆ.

ಸ್ಟೇಷನ್ನಿನ ಪಶ್ಚಿಮ ಭಾಗದ ಕೆಳಮಹಡಿ ಕಾರಿಡಾರನ್ನೇ ನೋಡಿ. ಕತ್ತಲೆ, ಹೊರಗೆ ಮಳೆ, ಕಿಟಕಿ ಗಾಜಿಗೆ ಅಂಗೈ ಬಡಿಯೋ ಸದ್ದು. ಆ ಕಡೆ ತುದಿಯಲ್ಲಿ ಮೆಟ್ಟಿಲು, ಮೆಟ್ಟಿಲ ಹತ್ತಿರ ಡಾರ್ಕ್ ರೂಮ್. ಡಾರ್ಕ್ ರೂಮಲ್ಲಿ ಆಟ ಸೇವ್ ಮಾಡೋ ಟೈಪ್‌ರೈಟರ್ ಇದೆ, ಸಾಮಾನು ಇಡೋ ಪೆಟ್ಟಿಗೆ ಇದೆ. ಏನೇ ಕೆಲಸ ಇರಲಿ, ಮತ್ತೆ ಮತ್ತೆ ಇದೇ ದಾರಿ. ಹಾಗಾಗಿ ಇಲ್ಲಿ ನಾನು ಕೈ ಬಿಚ್ಚಿ ಖರ್ಚು ಮಾಡಿದೆ. ಇದ್ದ ಝೋಂಬಿಗಳನ್ನು ಮುಗಿಸಿದೆ. ಸಿಕ್ಕ ಮರದ ಹಲಗೆಗಳಲ್ಲಿ ಮೊದಲಿನವು ಇಲ್ಲಿನ ಕಿಟಕಿಗಳಿಗೇ ಹೋದವು. ಮೊದಲ ಆಟದಲ್ಲಿ ಹಲಗೆಗಳನ್ನ ಪೆಟ್ಟಿಗೆಯಲ್ಲಿ ಸುಮ್ನೆ ಕೂಡಿಟ್ಟಿದ್ದೆ, ಮುಂದೆ ಬೇಕಾಗುತ್ತೆ ಅಂತ. ಅಷ್ಟರಲ್ಲಿ ಕಿಟಕಿ ಒಡೆದು ಮೂರು ಜನ ಒಳಗೆ ಬಂದಾಗಿತ್ತು. ಒಂದು ಹಲಗೆ ಹೊತ್ತಿಗೆ ಸರಿಯಾಗಿ ಬಿದ್ದರೆ ಅದು ಐದಾರು ಗುಂಡಿಗೆ ಸಮ ಅಂತ ನನಗೆ ಆಮೇಲೆ ಗೊತ್ತಾಯ್ತು.

ಒಂದೇ ಸಲ ಹೋಗಿ ಬರೋ ಕೋಣೆಗಳಲ್ಲಿ ಹೊಡೆಯೋದನ್ನೇ ನಿಲ್ಲಿಸಿದೆ. ತೀರಾ ಅಡ್ಡ ಬಂದರೆ ಮೊಣಕಾಲಿಗೆ ಗುರಿ. ಕಾಲು ಹೋದ ಝೋಂಬಿ ತೆವಳುತ್ತೆ, ಅದನ್ನ ದಾಟಿ ಓಡೋದು ಕಷ್ಟವಲ್ಲ. ಮತ್ತೆ ಒಂದು ಮಾತು: ಓಡುತ್ತಾ ಹೊಡೀಬೇಡಿ. ಒಂದು ಕ್ಷಣ ಅಲುಗಾಡದೆ ನಿಂತರೆ ಗುರಿಯ ಗೆರೆಗಳು ಒಟ್ಟಿಗೆ ಸೇರ್ತವೆ, ಆಗ ಬೀಳೋ ಏಟು ಜೋರು. ಎದುರಿಗೆ ಬಾಯಿ ತೆರೆದುಕೊಂಡು ಬರ್ತಿರುವಾಗ ಉಸಿರು ಬಿಗಿಹಿಡಿದು ನಿಲ್ಲೋದು ಸುಲಭವಲ್ಲ. ಆದ್ರೆ ನನ್ನ ಅರ್ಧ ಗುಂಡು ಉಳಿದಿದ್ದು ಆ ಒಂದು ಕ್ಷಣದಿಂದಲೇ.

ಲಿಕ್ಕರ್ ಅನ್ನೋ ಉದ್ದ ನಾಲಿಗೆಯ ಪ್ರಾಣಿಗಳ ವಿಷಯ ಬೇರೆ. ಅವುಗಳಿಗೆ ಕಣ್ಣಿಲ್ಲ, ಕಿವಿ ಮಾತ್ರ. ನಿಧಾನವಾಗಿ ನಡೆದರೆ ಪಕ್ಕದಲ್ಲೇ ದಾಟಬಹುದು. ಅದರ ನಾಲಿಗೆ ಕ್ಯಾಮೆರಾ ಮುಂದೆ ನೇತಾಡ್ತಿರುವಾಗ ನಡೆಯೋ ಬಟನ್ ಮೇಲಿನ ಬೆರಳು ನಡುಗುತ್ತೆ, ಓಡಿಬಿಡೋಣ ಅನ್ಸುತ್ತೆ. ಓಡಬೇಡಿ. ಒಂದು ಲಿಕ್ಕರ್‌ಗೆ ಸುರಿಯೋ ಶಾಟ್‌ಗನ್ ತೋಟಾಗಳನ್ನ ಬರ್ಕಿನ್‌ಗೆ ಇಟ್ಟುಕೊಳ್ಳಿ.

ಇನ್ನು ಜಾಗದ ಮಾತು. ಈ ಗೇಮಲ್ಲಿ ಗುಂಡಿಗಿಂತ ದೊಡ್ಡ ಬರ ಜೇಬಿಗೆ ಅಂತ ನಾನು ನಂಬ್ತೀನಿ. ಶುರುವಿನಲ್ಲಿ ಸಾಮಾನು ಹೊರೋಕೆ ಸಿಗೋದು 8 ಖಾನೆ. ಪಿಸ್ತೂಲಿಗೊಂದು, ಅದರ ಗುಂಡಿಗೊಂದು, ಚಾಕುವಿಗೊಂದು. ಶಾಟ್‌ಗನ್ ಸಿಕ್ಕಮೇಲಂತೂ ಇನ್ನೂ ಇಕ್ಕಟ್ಟು. ಬೀಗದ ಕೈ, ಪದಕ, ಯಾವುದೋ ಯಂತ್ರದ ಬಿಡಿಭಾಗ, ಎಲ್ಲಕ್ಕೂ ಖಾನೆ ಬೇಕು. ಮನೆಯಲ್ಲಿ ತಿಂಗಳ ಕೊನೆಗೆ ಅಮ್ಮ ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇಲ್ಲಿ ಹಾಸಿಗೆ ಅಂದ್ರೆ ಈ ಖಾನೆಗಳೇ. ಹಾಗಾಗಿ ವೆಸ್ಟ್ ಆಫೀಸ್‌ನ ತಿಜೋರಿಯನ್ನು ಆದಷ್ಟು ಬೇಗ ತೆಗೆಯಿರಿ: ಎಡಕ್ಕೆ 9, ಬಲಕ್ಕೆ 15, ಎಡಕ್ಕೆ 7. ಒಳಗಿರೋ ಸೊಂಟದ ಚೀಲ 2 ಖಾನೆ ಜಾಸ್ತಿ ಮಾಡುತ್ತೆ.

ಜಾಗ ಉಳಿಸೋಕೆ ನಾನು ಮಾಡಿದ್ದು ಸಣ್ಣ ಸಣ್ಣ ಕೆಲಸ. ಡಾರ್ಕ್ ರೂಮಿನಂಥ ಸೇಫ್ ರೂಮಿನಿಂದ ಹೊರಡೋ ಮುಂಚೆ ಪಿಸ್ತೂಲು ತುಂಬಿಸಿಕೊಳ್ಳೋದು, ಎರಡು ಮೂರು ಬಿಡಿ ಗುಂಡು ಸುಮ್ನೆ ಒಂದು ಖಾನೆ ತಿನ್ನಬಾರದು. ಹಸಿರು ಗಿಡಕ್ಕೆ ಕೆಂಪು ಸೇರಿಸಿದರೆ ಎರಡರ ಜಾಗದಲ್ಲಿ ಒಂದು, ಮೈಯೂ ಪೂರ್ತಿ ವಾಸಿ. ಗನ್‌ಪೌಡರ್, ಅಂದ್ರೆ ಗುಂಡು ತಯಾರಿಸೋ ಮದ್ದಿನ ಪುಡಿ, ಹಾಗೇ ಇಟ್ಟುಕೊಂಡರೆ ಒಂದೊಂದಕ್ಕೂ ಒಂದೊಂದು ಖಾನೆ. ಎರಡನ್ನು ಬೆರೆಸಿದರೆ ಪಿಸ್ತೂಲ್ ಗುಂಡಾಗಿ ಇದ್ದ ಗುಂಡಿನ ಜೊತೆಗೇ ಸೇರಿಕೊಳ್ಳುತ್ತೆ. ಹಳದಿ ಬಣ್ಣದ ಹೈ ಗ್ರೇಡ್ ಪೌಡರ್ ಮಾತ್ರ ನಾನು ಪೆಟ್ಟಿಗೆಗೆ ಹಾಕ್ತಿದ್ದೆ, ಮಾಮೂಲಿ ಪೌಡರ್ ಜೊತೆ ಬೆರೆಸಿ ಶಾಟ್‌ಗನ್ ತೋಟಾ ಮಾಡೋಕೆ. ಬೀಗದ ಕೈ ಮೇಲೆ ಕೆಂಪು ಗುರುತು ಬಂದರೆ ಅದರ ಕೆಲಸ ಮುಗೀತು, ಎಸೆಯಬಹುದು.

ಮ್ಯಾಪ್ ನೋಡಿಯೇ ಹೊರಡ್ತಿದ್ದೆ. ಸಾಮಾನು ಉಳಿದ ಕೋಣೆ ಕೆಂಪು, ಖಾಲಿಯಾದದ್ದು ನೀಲಿ. ಹೋಗೋ ದಾರಿಯಲ್ಲಿ ಎಷ್ಟು ಕೆಂಪಿದೆ ಅಂತ ಎಣಿಸಿ, ಅಷ್ಟು ಖಾನೆ ಖಾಲಿ ಇಟ್ಟುಕೊಂಡೇ ಬಾಗಿಲು ತೆಗೀತಿದ್ದೆ.

ಇನ್ನು ಮಿಸ್ಟರ್ ಎಕ್ಸ್ ಅನ್ನೋನು ಒಬ್ಬ ಇದ್ದಾನೆ. ಬಿದ್ದ ಹೆಲಿಕಾಪ್ಟರನ್ನ ಕೈಯಲ್ಲೇ ಎತ್ತಿ ಪಕ್ಕಕ್ಕೆ ತಳ್ಳಿ, ಹ್ಯಾಟ್ ಹಾಕಿಕೊಂಡು ನಡೆದು ಬರೋ ಆ ದೈತ್ಯ. ಅವನ ಬೂಟಿನ ಸದ್ದು ಮೇಲಿನ ಮಹಡಿಯಿಂದಲೂ ಕೇಳುತ್ತೆ. ಸ್ಟೇಷನ್ನಿನಲ್ಲಿ ಅವನು ಸಾಯೋದಿಲ್ಲ. ತುಂಬಾ ಗುಂಡು ಸುರಿದರೆ ಒಂದು ಮಂಡಿ ಊರಿ ಸ್ವಲ್ಪ ಹೊತ್ತು ಕೂರ್ತಾನೆ, ಅಷ್ಟೇ. ಅವನು ಬಂದ ಮೇಲೆ ಪ್ರತಿ ಗುಂಡಿನ ಬೆಲೆ ಎರಡು ಪಟ್ಟು, ಯಾಕಂದ್ರೆ ಸದ್ದು ಅವನನ್ನ ಕರೆಯುತ್ತೆ. ಮುಂಚೆಯೇ ಶುಚಿ ಮಾಡಿಟ್ಟ ಆ ಪಶ್ಚಿಮ ಕಾರಿಡಾರ್ ನನ್ನ ಕೈ ಹಿಡಿದಿದ್ದು ಆಗಲೇ. ಒಂದೇ ಒಂದು ಗುಂಡು ಹಾರಿಸದೆ ಓಡಿ ಡಾರ್ಕ್ ರೂಮ್ ಸೇರಿಕೊಂಡೆ. ಬಾಗಿಲ ಹೊರಗೆ ಬೂಟಿನ ಸದ್ದು ಬಂತು, ನಿಂತಿತು, ತಿರುಗಿ ಹೋಯ್ತು. ಮುಖ್ಯ ಹಾಲನ್ನು ಮಾತ್ರ ನಂಬಬೇಡಿ. ಅಲ್ಲಿ ಟೈಪ್‌ರೈಟರ್ ಇದ್ರೂ ಅವನು ಒಳಗೆ ಬರ್ತಾನೆ.

ಚಾಕುವನ್ನ ನಾನು ಪ್ರಾಣ ಉಳಿಸೋಕೆ ಅಂತಲೇ ಇಟ್ಟುಕೊಂಡಿದ್ದೆ. ಝೋಂಬಿ ಹಿಡಿದಾಗ ಚುಚ್ಚಿದರೆ ಕಚ್ಚಿಸಿಕೊಳ್ಳೋದು ತಪ್ಪುತ್ತೆ, ಒಂದು ಗಿಡ ಉಳಿಯುತ್ತೆ. ಬಳಸಿದಷ್ಟೂ ಸವೆಯುತ್ತೆ ಅನ್ನೋದು ನೆನಪಿರಲಿ.

ಎರಡನೇ ಸಲ ಬರ್ಕಿನ್ ಮುಂದೆ ನಿಂತಾಗ 31 ಪಿಸ್ತೂಲ್ ಗುಂಡು, 14 ತೋಟಾ, ಬೆರೆಸಿದ ಎರಡು ಗಿಡ ಇತ್ತು. ನೋಟ್‌ಬುಕ್ಕಿನ ಆ ಹಾಳೆ ಇವತ್ತಿಗೂ ಇಟ್ಟುಕೊಂಡಿದ್ದೀನಿ. ಮೊದಲ ಯತ್ನದಲ್ಲೇ ಗೆದ್ದೆ.

ಹೋದ ವಾರ ತಮ್ಮ ಶುರು ಮಾಡಿದ. ನಾನು ಪಕ್ಕದಲ್ಲಿ ಕೂತಿದ್ದೆ. ಮೇಲಿನ ಮಹಡಿಯಲ್ಲಿ ಒಂದು ಝೋಂಬಿ ಗೋಡೆಗೆ ಒರಗಿ ನಿಂತಿತ್ತು. ಪಿಸ್ತೂಲು ಎತ್ತಿ ಹಿಡಿದು, "ಅಕ್ಕಾ, ಹೊಡೀಲಾ?" ಅಂದ.

"ಈ ಕಡೆ ಮತ್ತೆ ಬರ್ತೀಯಾ?" ಅಂದೆ.

ಪಿಸ್ತೂಲು ಇಳಿಸಿ ಮ್ಯಾಪ್ ತೆಗೆದ.