ಹಣದುಬ್ಬರ ಇಳಿಯಿತು ಅಂದರೆ ಬೆಲೆ ಇಳಿಯಿತೇ? ದೇಶದ ಲೆಕ್ಕ ಓದುವ ಕ್ರಮ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರನ್ನು ರೆಪೊ ದರ (ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ) ಎಷ್ಟು ಅಂತ ಕೇಳಿ. ದಶಾಂಶದ ಸಮೇತ ಹೇಳುತ್ತಾರೆ. ‘ಹಣದುಬ್ಬರ ಶೇ 6ರಿಂದ ಶೇ 2ಕ್ಕೆ ಬಂದರೆ ಅಕ್ಕಿ ಬೆಲೆ ಏನಾಗುತ್ತದೆ?’ ಅಂತ ಕೇಳಿದರೆ ಬಹಳಷ್ಟು ಮಂದಿ ‘ಕಡಿಮೆ ಆಗುತ್ತದೆ’ ಅನ್ನುತ್ತಾರೆ. ಅಂಗಡಿ ನಡೆಸುವವರೂ, ಬ್ಯಾಂಕ್ ಸಾಲ ತೀರಿಸುತ್ತಿರುವವರೂ ಇದೇ ಉತ್ತರ ಕೊಡುವುದನ್ನು ಕೇಳಿದ್ದೇನೆ. ಅಂಕಿ ಎಲ್ಲರಿಗೂ ಸಿಗುತ್ತಿದೆ, ಅದನ್ನು ಓದುವ ಕ್ರಮ ಯಾರೂ ಹೇಳಿಕೊಡುತ್ತಿಲ್ಲ. ಅದಕ್ಕೇ ಈ ಲೇಖನ.

ಹಂತ 1: ಒಂದು ನೋಟ್‌ಬುಕ್ ತನ್ನಿ

ನಾಲ್ಕು ತಲೆಬರಹ ಹಾಕಿ: ಬೆಳವಣಿಗೆ, ಬೆಲೆ, ಬಡ್ಡಿ, ಸರ್ಕಾರದ ಲೆಕ್ಕ. ಸ್ಕ್ರೀನ್‌ಶಾಟ್ ಬೇಡ, ಕೈಯಲ್ಲೇ ಬರೆಯಿರಿ. ಹಳೆಯ ಅಂಕಿ ಹೊಸದರ ಪಕ್ಕದಲ್ಲೇ ಕಣ್ಣಿಗೆ ಬೀಳಬೇಕು. ಪ್ರತಿ ಅಂಕಿಯ ಮುಂದೆ ‘ಯಾವುದಕ್ಕೆ ಹೋಲಿಸಿದ್ದು?’ ಅಂತ ಒಂದು ಕಾಲಂ ಇರಲಿ. ಮುಂದೆ ಹೇಳುವುದೆಲ್ಲ ಈ ಕಾಲಂ ಮೇಲೇ ನಿಂತಿದೆ.

ಹಂತ 2: ಜಿಡಿಪಿಯಲ್ಲಿ ಏನು ಸೇರುತ್ತದೆ ನೋಡಿ

ಒಂದು ವರ್ಷದಲ್ಲಿ ದೇಶದೊಳಗೆ ತಯಾರಾದ ಅಂತಿಮ ಸರಕು ಮತ್ತು ಸೇವೆಗಳ ಒಟ್ಟು ಮೌಲ್ಯವೇ ಜಿಡಿಪಿ. ‘ಅಂತಿಮ’ ಅನ್ನುವುದನ್ನು ಬಿಡಬೇಡಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ರಾಷ್ಟ್ರಧ್ವಜವನ್ನೇ ತೆಗೆದುಕೊಳ್ಳಿ. ಲೆಕ್ಕಕ್ಕೆ ಹತ್ತಿ 100 ರೂಪಾಯಿ, ನೂಲು 180, ಬಟ್ಟೆ 300, ಧ್ವಜ 500 ಅಂತ ಇಟ್ಟುಕೊಳ್ಳೋಣ. ನಾಲ್ಕನ್ನೂ ಕೂಡಿದರೆ 1,080. ಅದು ತಪ್ಪು, ಹತ್ತಿಯನ್ನೇ ನಾಲ್ಕು ಸಲ ಎಣಿಸಿದಂತಾಯಿತು. ಪ್ರತಿ ಹಂತದಲ್ಲಿ ಹೊಸದಾಗಿ ಸೇರಿದ್ದು 100, 80, 120, 200. ಒಟ್ಟು 500. ಜಿಡಿಪಿಗೆ ಸೇರುವುದು ಇಷ್ಟೇ.

ಇನ್ನೊಂದು ಮಾತು. ಚಾಲ್ತಿ ಬೆಲೆಯ ಜಿಡಿಪಿಯಲ್ಲಿ ಬೆಲೆ ಏರಿಕೆಯೂ ಸೇರಿರುತ್ತದೆ, ಸ್ಥಿರ ಬೆಲೆಯದ್ದರಲ್ಲಿ ಅದನ್ನು ತೆಗೆದಿರುತ್ತಾರೆ. 2024–25ರ ತಾತ್ಕಾಲಿಕ ಅಂದಾಜಿನಲ್ಲಿ ಮೊದಲನೆಯದು ಶೇ 9.8 ಬೆಳೆದರೆ, ಎರಡನೆಯದು ಶೇ 6.5. ಸುದ್ದಿಯಲ್ಲಿ ‘ಬೆಳವಣಿಗೆ ದರ’ ಅಂತ ಬರುವುದು ಸಾಮಾನ್ಯವಾಗಿ ಎರಡನೆಯದು.

ಹಂತ 3: ದರವನ್ನೂ ಮಟ್ಟವನ್ನೂ ಬೇರೆ ಮಾಡಿ

ಜನ ಎಡವುವುದು ಇಲ್ಲೇ. ಅವಸರ ಮಾಡದೆ, ಪೆನ್ನು ಹಿಡಿದು ಓದಿ. ಹಣದುಬ್ಬರ ಅಂದರೆ ಒಂದು ವರ್ಷದ ಹಿಂದಿನದಕ್ಕಿಂತ ಬೆಲೆ ಶೇಕಡಾ ಎಷ್ಟು ಏರಿತು ಅನ್ನುವ ದರ, ಬೆಲೆಯ ಮಟ್ಟವಲ್ಲ.

ಬೇಸಿಗೆಯಲ್ಲಿ ವರ್ಷದ ಖಾರಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಕೊಳ್ಳುತ್ತೀರಿ. ಮೊದಲ ವರ್ಷ ಕಿಲೋಗೆ 200 ರೂಪಾಯಿ ಅಂದುಕೊಳ್ಳಿ. ಎರಡನೇ ವರ್ಷ 300, ಅಂದರೆ ಶೇ 50 ಏರಿಕೆ. ಮೂರನೇ ವರ್ಷ 315, ಅಂದರೆ ಶೇ 5 ಏರಿಕೆ. ‘ಬೆಲೆ ಏರಿಕೆ ದರ ಶೇ 50ರಿಂದ ಶೇ 5ಕ್ಕೆ ಕುಸಿತ’ ಅಂತ ಬರೆದರೆ ಸುಳ್ಳಲ್ಲ. ಆದರೆ ನೀವು ಕೊಟ್ಟಿದ್ದು 315, ಹಿಂದಿನ ವರ್ಷಕ್ಕಿಂತ 15 ರೂಪಾಯಿ ಜಾಸ್ತಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಚಿಗರಿ ಬಸ್ಸು ನವನಗರದ ಹತ್ತಿರ ವೇಗ ಕಡಿಮೆ ಮಾಡಿದರೆ ಅದು ಹುಬ್ಬಳ್ಳಿಗೆ ವಾಪಸ್ ಹೊರಟಿತು ಅಂತ ಅಲ್ಲ, ಅಲ್ವಾ? ಬೆಲೆ ನಿಜಕ್ಕೂ ಇಳಿಯಬೇಕಾದರೆ ದರ ಸೊನ್ನೆಗಿಂತ ಕೆಳಗೆ ಹೋಗಬೇಕು.

ಈಗ ನಿಜವಾದ ಅಂಕಿ ನೋಡಿ. ಗ್ರಾಹಕ ಬೆಲೆ ಸೂಚ್ಯಂಕದ (ಮನೆಗಳು ಕೊಳ್ಳುವ ಸಾಮಾನು, ಸೇವೆಗಳ ಬೆಲೆಯ ಲೆಕ್ಕ) ಹಣದುಬ್ಬರ 2024ರ ಅಕ್ಟೋಬರ್‌ನಲ್ಲಿ ಶೇ 6.21 ಇತ್ತು. 2025ರ ಅಕ್ಟೋಬರ್‌ನಲ್ಲಿ ಶೇ 0.25ಕ್ಕೆ ಬಂತು. 2012 ಆಧಾರ ವರ್ಷದ (ಬೆಲೆಯನ್ನು 100 ಅಂತ ಹಿಡಿದು ಹೋಲಿಸುವ ವರ್ಷ) ಸರಣಿಯಲ್ಲೇ ಇದು ಅತಿ ಕಡಿಮೆ. ಕಾರಣ? 2024ರ ಅಕ್ಟೋಬರ್‌ನಲ್ಲಿ ತರಕಾರಿ ಬೆಲೆ ವಿಪರೀತ ಏರಿತ್ತು. ಒಂದು ವರ್ಷದ ನಂತರ ಆ ಎತ್ತರಕ್ಕೆ ಹೋಲಿಸಿದ್ದರಿಂದ ಹೊಸ ಅಂಕಿ ಚಿಕ್ಕದಾಗಿ ಕಂಡಿತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದದ್ದೂ ಸ್ವಲ್ಪ ಸೇರಿತು.

ಇಂಥ ಕಡೆ ಎರಡು ವರ್ಷದ ಲೆಕ್ಕ ಹಾಕಿ. 100ನ್ನು 1.0621ರಿಂದ ಗುಣಿಸಿ, ಬಂದದ್ದನ್ನು 1.0025ರಿಂದ ಗುಣಿಸಿ. ಸುಮಾರು 106.5 ಬರುತ್ತದೆ. 2023ರ ಅಕ್ಟೋಬರ್‌ನಲ್ಲಿ 100 ರೂಪಾಯಿಗೆ ಬರುತ್ತಿದ್ದ ಸಾಮಾನಿಗೆ ಎರಡು ವರ್ಷದ ನಂತರ 106.5 ರೂಪಾಯಿ ಬೇಕಾಯಿತು. ಶೇ 0.25 ಅನ್ನುವ ಸುದ್ದಿಗೂ ಕಿರಾಣಿ ಬಿಲ್ಲಿಗೂ ತಾಳೆ ಆಗದೆ ಸಿಟ್ಟು ಬರುತ್ತಿತ್ತಲ್ಲ, ಅದರ ಅರ್ಧ ಉತ್ತರ ಇಲ್ಲಿದೆ. ಇನ್ನರ್ಧ ಏನೆಂದರೆ ಸೂಚ್ಯಂಕ ಇಡೀ ದೇಶದ ಸರಾಸರಿ. 2012ರ ಸರಣಿಯಲ್ಲಿ ಆಹಾರ ಮತ್ತು ಪಾನೀಯದ ತೂಕ 100ಕ್ಕೆ 45.86. ನಿಮ್ಮ ಮನೆಯ ದುಡ್ಡು ಮಕ್ಕಳ ಫೀಸು, ಔಷಧಿಗೇ ಜಾಸ್ತಿ ಹೋಗುತ್ತಿದ್ದರೆ ನಿಮ್ಮ ಹಣದುಬ್ಬರವೇ ಬೇರೆ. ಆಧಾರ ವರ್ಷ ಬದಲಾದಾಗ ಹಳೆ ಸೂಚ್ಯಂಕವನ್ನೂ ಹೊಸದನ್ನೂ ನೇರವಾಗಿ ಹೋಲಿಸಬೇಡಿ.

ಇದೇ ಎಡವಟ್ಟು ಜಿಡಿಪಿಯಲ್ಲೂ ಆಗುತ್ತದೆ. 2021ರ ಏಪ್ರಿಲ್–ಜೂನ್‌ನಲ್ಲಿ ಶೇ 20.1 ಬೆಳವಣಿಗೆ ಅಂತ ಸುದ್ದಿ ಬಂತು. ಆ ಆಗಸ್ಟ್‌ನ ಅಂದಾಜಿನ ಮೂರು ಅಂಕಿ ಬರೆದುಕೊಳ್ಳಿ: 2019ರ ಅದೇ ತ್ರೈಮಾಸಿಕದಲ್ಲಿ ಸುಮಾರು 35.66 ಲಕ್ಷ ಕೋಟಿ, ಲಾಕ್‌ಡೌನ್ ಇದ್ದ 2020ರಲ್ಲಿ 26.95 ಲಕ್ಷ ಕೋಟಿ, 2021ರಲ್ಲಿ 32.38 ಲಕ್ಷ ಕೋಟಿ. ಶೇ 20 ಏರಿದ ಮೇಲೂ ಎರಡು ವರ್ಷದ ಹಿಂದಿನದಕ್ಕಿಂತ ಶೇ 9ರಷ್ಟು ಕಡಿಮೆ. ‘ದಾಖಲೆ ಬೆಳವಣಿಗೆ’ ಅಂತ ಕೂಗಿದವರೂ, ‘ಅಂಕಿಯೇ ಸುಳ್ಳು’ ಅಂದವರೂ ಈ ಮೂರನ್ನು ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಪುಸ್ತಕದಂಗಡಿಗಳಲ್ಲಿ ಸಿಗುವ ಒಂದು ಸಾಲಿನ ಪ್ರಶ್ನೋತ್ತರದ ಗೈಡುಗಳನ್ನು ದಯವಿಟ್ಟು ಕೊಳ್ಳಬೇಡಿ. ‘ಹಣದುಬ್ಬರ: ಶೇ 4’ ಅಂತ ಅಚ್ಚಾಗಿರುತ್ತದೆ. ಯಾವ ತಿಂಗಳದ್ದು, ಗ್ರಾಹಕ ಸೂಚ್ಯಂಕವೋ ಸಗಟು ಸೂಚ್ಯಂಕವೋ, ಏನೂ ಇಲ್ಲ. ಶೇ 4 ಅನ್ನುವುದು ರಿಸರ್ವ್ ಬ್ಯಾಂಕಿನ ಗುರಿ, ಎರಡು ಅಂಶ ಆಚೆ ಈಚೆ ಆಗಬಹುದು. ಗುರಿಯನ್ನೇ ಫಲಿತಾಂಶ ಅಂತ ಮಕ್ಕಳು ಬಾಯಿಪಾಠ ಮಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಂತ 4: ಬಡ್ಡಿ ನಿಮ್ಮ ಮನೆಗೆ ಬರುವ ದಾರಿ ಹುಡುಕಿ

ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಅಲ್ಪಾವಧಿ ಸಾಲ ಕೊಡುವ ದರ ರೆಪೊ. ಇದನ್ನು ತೀರ್ಮಾನಿಸುವುದು ಆರು ಜನರ ಹಣಕಾಸು ನೀತಿ ಸಮಿತಿ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ಇದು ಶೇ 4ರಿಂದ ಶೇ 6.5ಕ್ಕೆ ಏರಿತು. ಇದನ್ನು ‘ಶೇ 2.5 ಏರಿಕೆ’ ಅನ್ನಬೇಡಿ. 2.5 ಶೇಕಡಾ ಅಂಶ ಅಥವಾ 250 ಮೂಲಾಂಶ ಅನ್ನಿ.

ರೆಪೊ ಏರಿದರೆ ಅದಕ್ಕೆ ಜೋಡಿಸಿದ ಗೃಹಸಾಲದ ಬಡ್ಡಿಯೂ ಏರುತ್ತದೆ. 20 ಲಕ್ಷದ ಗೃಹಸಾಲ, 20 ವರ್ಷ ಅವಧಿ ಇದ್ದರೆ, ಶೇ 7ರ ಬಡ್ಡಿಗೆ ತಿಂಗಳ ಕಂತು ಸುಮಾರು 15,506 ರೂಪಾಯಿ. ಶೇ 9.5 ಆದರೆ 18,643. ಕಂತು ಏರಿಸದೆ ಅವಧಿ ಉದ್ದ ಮಾಡಿದರೆ ಸುಲಭ ಅನ್ನಿಸುತ್ತದೆ. ಆದರೆ ಶೇ 9.5ರಲ್ಲಿ 20 ಲಕ್ಷಕ್ಕೆ ಒಂದು ತಿಂಗಳ ಬಡ್ಡಿಯೇ 15,833. ಹಳೆಯ ಕಂತು ಬಡ್ಡಿಗೂ ಸಾಲುವುದಿಲ್ಲ, ಅಸಲು ಬೆಳೆಯುತ್ತಾ ಹೋಗುತ್ತದೆ. ಬಡ್ಡಿ ಬದಲಾದಾಗ ಆಯ್ಕೆಯನ್ನು ಸಾಲಗಾರರಿಗೆ ಬಿಡಬೇಕು ಅಂತ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲೇ ಹೇಳಿದೆ. ಬ್ಯಾಂಕಿಗೆ ಹೋಗಿ ಕೇಳಿ. ಕೈಯಲ್ಲಿ ಆಗುವುದಾದರೆ ಕಂತನ್ನೇ ಏರಿಸಿ.

ಬಡ್ಡಿ ಏರಿದರೆ ಜನ ಸಾಲ ಕಡಿಮೆ ಮಾಡುತ್ತಾರೆ, ಕೊಳ್ಳುವುದು ತಗ್ಗುತ್ತದೆ, ಬೆಲೆಯ ಓಟ ನಿಧಾನವಾಗುತ್ತದೆ. ಆದರೆ ಗದಗದ ಹೊಲದಲ್ಲಿ ಮಳೆಗೆ ಕೊಳೆತ ಉಳ್ಳಾಗಡ್ಡಿಯನ್ನು ಯಾವ ರೆಪೊ ದರವೂ ವಾಪಸ್ ತರುವುದಿಲ್ಲ. ಅಲ್ಲಿ ಸರ್ಕಾರ ಬೇರೆ ಅಸ್ತ್ರ ಹಿಡಿಯುತ್ತದೆ. 2023ರ ಡಿಸೆಂಬರ್‌ನಲ್ಲಿ ಉಳ್ಳಾಗಡ್ಡಿ ರಫ್ತು ನಿಷೇಧವಾಯಿತು, ತೆರವಾದದ್ದು 2024ರ ಮೇನಲ್ಲಿ. ಪೇಟೆಯಲ್ಲಿ ಕೊಳ್ಳುವವರ ಹೊರೆ ತಗ್ಗಿಸಲು ಬೆಳೆದವರ ಆದಾಯ ಕತ್ತರಿಸುವ ದಾರಿ ಇದು. ಸೂಚ್ಯಂಕದಲ್ಲಿ ಮೊದಲನೆಯದು ಮಾತ್ರ ಕಾಣುತ್ತದೆ. ಹಾಗಾಗಿ ಬೆಲೆಯ ಪುಟದಲ್ಲಿ ಎಪಿಎಂಸಿ ದರಕ್ಕೂ ಒಂದು ಸಾಲು ಬಿಡಿ.

ಹಂತ 5: ಕೊರತೆಯನ್ನೂ ಸಾಲವನ್ನೂ ಗೊಂದಲ ಮಾಡಿಕೊಳ್ಳಬೇಡಿ

ವಿತ್ತೀಯ ಕೊರತೆ ಈ ಒಂದು ವರ್ಷದ ಹೊಸ ಸಾಲ, ಒಟ್ಟು ಸಾಲ ಇಷ್ಟು ವರ್ಷ ಕೂಡುತ್ತಾ ಬಂದದ್ದು. 2025–26ರ ಕೇಂದ್ರ ಬಜೆಟ್ಟಿನಲ್ಲಿ ಖರ್ಚು 50.65 ಲಕ್ಷ ಕೋಟಿ, ಕೊರತೆ 15.69 ಲಕ್ಷ ಕೋಟಿ, ಜಿಡಿಪಿಯ ಶೇ 4.4. ‘ದೇಶ ದಿವಾಳಿ’ ಅನ್ನುವ ವಿಡಿಯೊಗಳು ಜಿಡಿಪಿ ಬಿಟ್ಟು ಬರೀ ಕೋಟಿ ತೋರಿಸುತ್ತವೆ. ಅವನ್ನು ನೋಡಬೇಡಿ.

ಹಂತ 6: ತಾರೀಖು ಗುರುತು ಹಾಕಿಕೊಳ್ಳಿ

ಹಣದುಬ್ಬರದ ಅಂಕಿ ಪ್ರತಿ ತಿಂಗಳ 12ರ ಸುಮಾರಿಗೆ ಬರುತ್ತದೆ. ಜಿಡಿಪಿ ಸಾಮಾನ್ಯವಾಗಿ ಫೆಬ್ರುವರಿ, ಮೇ, ಆಗಸ್ಟ್, ನವೆಂಬರ್ ಕೊನೆಯ ಸುಮಾರಿಗೆ. ಹಣಕಾಸು ನೀತಿ ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ, ಕೇಂದ್ರ ಬಜೆಟ್ ಫೆಬ್ರುವರಿ 1ಕ್ಕೆ. ಜಿಡಿಪಿ ಅಂಕಿ ಆಮೇಲೆ ಪರಿಷ್ಕರಣೆ ಆಗುತ್ತದೆ, ಆದ್ದರಿಂದ ಆ ಪುಟವನ್ನು ಪೆನ್ಸಿಲಿನಲ್ಲಿ ಬರೆಯಿರಿ.